ಬಾಳವ್ವ ಕೊಡದ ಕೀಲಿಕೈ

ನಾನು ಒಂದು ಕಾದಂಬರಿ. ಸರಿಯಾಗಿ ಹೇಳಬೇಕೆಂದರೆ, ಒಂದು ಕಾದಂಬರಿಯ ಒಂದೇ ಒಂದು ಪ್ರತಿ. ನನ್ನ ಜೊತೆ ಹುಟ್ಟಿದ ಉಳಿದ ಪ್ರತಿಗಳು ಯಾರ ಯಾರ ಕಪಾಟಿನಲ್ಲಿ ಹಾಯಾಗಿ ನಿದ್ದೆ ಹೊಡೆಯುತ್ತಿವೆಯೋ ಗೊತ್ತಿಲ್ಲ. ನನಗಂತೂ ನಿದ್ದೆ ಇಲ್ಲ. ಕಪಾಟಿನ ಕದ ಕಿರ್ ಎಂದರೆ ಸಾಕು, ಯಾರು ಬಂದರು, ಯಾವ ಪುಟ ತೆಗೆಯುತ್ತಾರೆ ಎಂದು ಜೀವ ಬಾಯಿಗೆ ಬರುತ್ತದೆ. ನನ್ನ ಹೆಸರು ಹೇಳುವುದಿಲ್ಲ, ಊರಿನ ಹೆಸರನ್ನೂ ಹೇಳುವುದಿಲ್ಲ. ಹೆಸರು ಹಚ್ಚಿದ್ದರಿಂದಲೇ ಇಷ್ಟೆಲ್ಲ ರಾಮಾಯಣವಾಗಿದೆ.

ನಾನು ಹುಟ್ಟಿದ್ದು ಹುಬ್ಬಳ್ಳಿಯ ಒಂದು ಮುದ್ರಣಾಲಯದಲ್ಲಿ. ಬಿಳಿ ಹಾಳೆಯಾಗಿದ್ದಾಗ ನನಗೆ ಯಾವ ಚಿಂತೆಯೂ ಇರಲಿಲ್ಲ. ಯಂತ್ರದೊಳಗೆ ಹೋಗಿ ಹೊರಗೆ ಬರುವಷ್ಟರಲ್ಲಿ ಮೈತುಂಬ ಅಕ್ಷರ. ಒಂದು ಹೆಣ, ಒಬ್ಬ ಕೊಲೆಗಾರ, ಒಂದು ಕೀಲಿಕೈ ನನ್ನೊಳಗೆ ಬಂದು ಕೂತಿದ್ದವು. ಮಡಚಿದರು, ಹೊಲಿದರು, ಅಂಟು ಹಚ್ಚಿದರು. ಮುಖಪುಟಕ್ಕೆ ಅರ್ಧ ತೆರೆದ ಬಾಗಿಲಿನ ಚಿತ್ರ ಹಾಕಿದರು. ಹಿಂದಿನ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ‘ನಿಜ ಘಟನೆಯಿಂದ ಪ್ರೇರಿತ’ ಎಂದಿತ್ತು. ಒಳಗಿನ ಮೊದಲ ಪುಟದಲ್ಲಿ, ಕನ್ನಡಕ ಹಾಕಿಕೊಂಡರೂ ಕಷ್ಟಪಟ್ಟು ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ, ‘ಇಲ್ಲಿಯ ಪಾತ್ರ, ಸ್ಥಳ, ಸಂಗತಿಗಳೆಲ್ಲ ಕಾಲ್ಪನಿಕ’ ಎಂದಿತ್ತು. ನನ್ನ ಬೆನ್ನು ಒಂದು ಹೇಳುತ್ತದೆ, ಎದೆ ಇನ್ನೊಂದು ಹೇಳುತ್ತದೆ. ಇಂಥ ಮೈ ಹೊತ್ತು ಹುಟ್ಟಿದ ಮೇಲೆ ನೆಮ್ಮದಿ ಎಲ್ಲಿಂದ ಬರಬೇಕು?

ಎಲ್ಲಿಗಾದರೂ ಕಳಿಸಬಹುದಿತ್ತು. ನನ್ನ ಹಣೆಬರಹ, ಕೊಲೆ ನಡೆದ ಊರಿಗೇ, ಅದೂ ಕೊಲೆ ನಡೆದ ಓಣಿಯಲ್ಲೇ ಇದ್ದ ಗ್ರಂಥಾಲಯಕ್ಕೆ ಕಳಿಸಿದರು. ಗದಗಿನಿಂದ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಗ್ರಂಥಪಾಲಕ ನದಾಫ ಮಾಸ್ತರರೂ ಅದೇ ಬಸ್ಸಿನಲ್ಲಿ ದಿನಾ ಬರುವವರು. ಬಸ್ಸು ತಡವಾದರೆ ಪೇಪರು ಓದುವ ಮಂದಿ ಬೀಗದ ಮುಂದೆ ನಿಂತು ಬಸ್ಸಿಗೂ ಮಾಸ್ತರರಿಗೂ ಸೇರಿಸಿ ಬೈಯುತ್ತಿದ್ದರು.

ನಡೆದ ಕೊಲೆ ಹೀಗೆ. ಪದ್ಮಾವತಿ ಅಕ್ಕೋರು ಎಂಬ ನಿವೃತ್ತ ಶಾಲಾ ಶಿಕ್ಷಕಿ ಆ ಓಣಿಯಲ್ಲಿ ಒಬ್ಬರೇ ಇದ್ದರು. ತಮ್ಮನ ಮಗ ಬಂದು ಬಾಗಿಲು ಬಡಿದ. ಇವರೇ ಬಾಗಿಲು ತೆಗೆದು ಚಹಾ ಮಾಡಿಕೊಟ್ಟರು. ಚಹಾ ಕುಡಿದು, ಅತ್ತೆಯ ಕತ್ತು ಹಿಸುಕಿ, ಬಂಗಾರ ತೆಗೆದುಕೊಂಡು ಹೋದ. ಸಿಕ್ಕಿಬಿದ್ದ, ಕೋರ್ಟಿನಲ್ಲಿ ಎಲ್ಲವನ್ನೂ ಒಪ್ಪಿಕೊಂಡ, ಜೈಲಿಗೆ ಹೋದ. ಯಾರಿಗೂ ಯಾವ ಅನುಮಾನವೂ ಉಳಿದಿರಲಿಲ್ಲ.

ಆದರೆ ಕಾದಂಬರಿಕಾರರಿಗೆ ಅಷ್ಟು ಸಾಲಲಿಲ್ಲ. ಅಕ್ಕೋರನ್ನು ಅವರು ಹಾರ್ಮೋನಿಯಂ ಕಲಿಸುವ ಹೆಂಗಸನ್ನಾಗಿ ಮಾಡಿದರು. ಕೊಲೆಗಾರ ಒಳಗೆ ಬರಲು ಒಂದು ರೋಚಕ ದಾರಿ ಬೇಕಲ್ಲ, ಅದಕ್ಕೆ ಗೌರಕ್ಕ ಎಂಬ ನೆರೆಯವಳನ್ನು ಹುಟ್ಟಿಸಿದರು. ಓಣಿಯವರ ಕೀಲಿಕೈಗಳನ್ನೆಲ್ಲ ಇಟ್ಟುಕೊಳ್ಳುವವಳು. ನನ್ನ ನೂರಾ ನಲವತ್ತೆರಡನೆಯ ಪುಟದಲ್ಲಿ ಹೀಗಿದೆ: ‘ಗೌರಕ್ಕ ಇಳಕಲ್ ಸೀರೆಯ ಮೇಲೆ ಕೈಯಾಡಿಸಿ, ಮೊಳೆಯಿಂದ ಕೀಲಿಕೈ ತೆಗೆದು ಅವನ ಅಂಗೈಯಲ್ಲಿಟ್ಟಳು.’

ಗ್ರಂಥಾಲಯದ ಎದುರು ಮನೆಯಲ್ಲಿ ಬಾಳವ್ವ ಇದ್ದಳು. ಅರವತ್ತು ದಾಟಿದ ಹೆಂಗಸು, ಬಾಗಿಲಲ್ಲಿ ಕೂತು ಹಳೆ ಬಟ್ಟೆಯ ತುಂಡುಗಳಿಂದ ಕೌದಿ ಹೊಲಿಯುತ್ತಿದ್ದಳು. ಓಣಿಯಲ್ಲಿ ಯಾರೇ ಊರಿಗೆ ಹೊರಟರೂ ಮನೆಗೆ ಬೀಗ ಹಾಕಿ ಕೀಲಿಕೈಯನ್ನು ಅವಳ ಕೈಗೆ ಕೊಟ್ಟೇ ಬಸ್ಸು ಹತ್ತುವುದು. ಅವಳ ಬಾಗಿಲ ಪಕ್ಕದ ಗೋಡೆಗೆ ಸಾಲಾಗಿ ಮೊಳೆಗಳಿದ್ದವು, ಮೊಳೆಗೊಂದು ಕೀಲಿಕೈ. ಇಸಿದುಕೊಂಡ ಮೇಲೆ ಅವಳು ಆ ಮನೆಯ ತನಕ ಹೋಗಿ ಬೀಗವನ್ನು ಎರಡು ಸಲ ಜಗ್ಗಿ ನೋಡಿ ಬರುತ್ತಿದ್ದಳು. ಅಕ್ಕೋರು ಕಾಶಿಗೆ ಹೋದಾಗ ಅವರ ಕೀಲಿಕೈಯೂ ಅಲ್ಲೇ ತೂಗಿತ್ತು. ಬರೆಯುವ ಮೊದಲು ಕಾದಂಬರಿಕಾರರು ಒಮ್ಮೆ ಓಣಿ ನೋಡಲು ಬಂದು, ಬಾಳವ್ವನ ಮನೆಯಲ್ಲೇ ನೀರು ಕುಡಿದು, ಆ ಮೊಳೆಗಳನ್ನು ನೋಡಿಕೊಂಡು ಹೋಗಿದ್ದರಂತೆ.

ನಮ್ಮ ಗ್ರಂಥಾಲಯದ ಓದುಗರ ಬಗ್ಗೆ ಒಂದು ಮಾತು. ಅವರು ಪುಸ್ತಕ ಓದಿ ಸುಮ್ಮನೆ ಮುಚ್ಚುವ ಪೈಕಿಯಲ್ಲ. ಏನಾದರೂ ಗೀಚಿದರೇ ಅವರಿಗೆ ಓದಿದ ಸಮಾಧಾನ. ನನ್ನ ಕೊನೆಯ ಖಾಲಿ ಹಾಳೆಯಲ್ಲಿ ‘ಎಲ್ಲರೂ ಓದಲೇಬೇಕಾದ ಪುಸ್ತಕ’ ಎಂದು ಒಬ್ಬರು ಬರೆದರೆ, ‘ಪರವಾಗಿಲ್ಲ’ ಎಂದು ಇನ್ನೊಬ್ಬರು ಬರೆದರು. ‘ಕೊಲೆಗಾರ ಯಾರೆಂದು ತಿಳಿಯಲು ಅರವತ್ತನೆಯ ಪುಟ ನೋಡಿ’ ಎಂದು ಮತ್ತೊಬ್ಬ ಬರೆದ. ಅಲ್ಲಿಗೆ ಹೋದರೆ ‘ತೊಂಬತ್ತೆರಡು ನೋಡಿ’. ಅಲ್ಲಿಗೆ ಹೋದರೆ ‘ನಿನಗೆ ಬೇರೆ ಕೆಲಸ ಇಲ್ಲವೇ?’ ಅಲ್ಲಿಯವರೆಗೆ ನನಗೂ ಮಜವೇ ಅನ್ನಿಸಿತ್ತು.

ಆಮೇಲೆ ನೂರಾ ನಲವತ್ತೆರಡನೆಯ ಪುಟದ ಅಂಚಿನಲ್ಲಿ ಒಂದು ಪೆನ್ಸಿಲು ಆಡಿತು: ‘ಗೌರಕ್ಕ ಅಂದರೆ ನಮ್ಮ ಓಣಿಯ ಬಾಳವ್ವ.’ ಆ ಪೆನ್ಸಿಲು ಹಾದಿಮನಿಯವರದು. ಅಂಚೆ ಕಚೇರಿಯಿಂದ ನಿವೃತ್ತರಾಗಿ, ಊರಿನ ಸುದ್ದಿಯನ್ನೆಲ್ಲ ಮನೆಮನೆಗೆ ಮುಟ್ಟಿಸುವ ಅಭ್ಯಾಸ ಬಿಡಲಾರದೆ ಇದ್ದವರು. ಅವರ ಮನೆಯ ಕೀಲಿಕೈಯೂ ಬಾಳವ್ವನ ಗೋಡೆಯಲ್ಲೇ ಇರುತ್ತಿತ್ತು. ಅವರ ಸಾಲಿನ ಕೆಳಗೆ ಯಾರೋ ‘ಹೌದು’ ಎಂದು ಬರೆದರು. ‘ನನಗೆ ಮೊದಲೇ ಸಂಶಯವಿತ್ತು’ ಎಂದು ಇನ್ನೊಬ್ಬರು. ‘ಆ ಇಳಕಲ್ ಸೀರೆಯನ್ನು ನಾನೂ ನೋಡಿದ್ದೇನೆ’ ಎಂದು ಒಬ್ಬಾಕೆ. ಕಾದಂಬರಿಕಾರರು ಮನೆಯಲ್ಲಿ ಕೂತು ಕಲ್ಪಿಸಿದ ಸೀರೆಯನ್ನು ಈಕೆ ಎಲ್ಲಿ ನೋಡಿದಳೋ! ನನಗೆ ಹೆದರಿಕೆ ಹತ್ತಿಕೊಂಡದ್ದು ಅಂದಿನಿಂದ.

ಎದುರಿನ ಕಿಟಕಿಯಿಂದ ನನಗೆ ಬಾಳವ್ವನ ಗೋಡೆ ಕಾಣುತ್ತಿತ್ತು. ಮೊಳೆಗಳು ಒಂದೊಂದಾಗಿ ಖಾಲಿಯಾದವು. ಯಾರೂ ಜಗಳವಾಡಲಿಲ್ಲ. ‘ಈ ಸಲ ತಮ್ಮ ಇಲ್ಲೇ ಇರ್ತಾನ ಯವ್ವಾ’ ಎಂದು ಒಬ್ಬರು, ‘ಹೊಸಾ ಕೀಲಿ ಹಾಕ್ಸೇವಿ, ಅದು ಬಾಳ ಬಿಗಿ ಐತಿ’ ಎಂದು ಇನ್ನೊಬ್ಬರು. ಅವಳಿಗೆ ಮೊದಮೊದಲು ತಿಳಿಯಲಿಲ್ಲ. ಯಾರಾದರೂ ಚೀಲ ಹಿಡಿದು ಹೊರಟರೆ ಸೂಜಿ ಬಿಟ್ಟು ಕೈ ಚಾಚಿ ಏಳುತ್ತಿದ್ದಳು. ಅವರು ಮುಂದೆ ಹೋದ ಮೇಲೆ ಆ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೂಡುತ್ತಿದ್ದಳು. ನೋಡಲಾರದೆ ನಾನು ಒದ್ದಾಡುತ್ತಿದ್ದೆ.

ಕಾದಂಬರಿಕಾರರನ್ನು ಕರೆಸಿ ಗ್ರಂಥಾಲಯದಲ್ಲೇ ಒಂದು ಸಂವಾದ ಏರ್ಪಡಿಸಿದರು. ಶಾಲು, ಹಾರ, ಚುರುಮುರಿ, ಚಹಾ ಎಲ್ಲ ಆಯಿತು. ಹಾದಿಮನಿಯವರು ಎದ್ದು ನಿಂತು ನನ್ನನ್ನು ಎತ್ತಿ ತೋರಿಸಿ ಕೇಳಿದರು, “ಸರ್, ಖರೇ ಹೇಳ್ರಿ. ಈ ಗೌರಕ್ಕ ಯಾರು?”

“ಯಾರೂ ಅಲ್ಲ. ಆಕೆ ಪೂರ್ತಿ ನನ್ನ ಕಲ್ಪನೆ. ಕಥೆಗೆ ಒಂದು ತಿರುವು ಬೇಕಿತ್ತು, ಅಷ್ಟೇ,” ಎಂದರು ಅವರು.

ಅಬ್ಬ, ಅಂತೂ ಹೇಳಿಬಿಟ್ಟರಲ್ಲ ಎಂದು ನನ್ನ ಹಾಳೆಗಳೆಲ್ಲ ಸಡಿಲವಾದವು. ಆದರೆ ಹಾದಿಮನಿಯವರು ಕೂತವರೇ ಪಕ್ಕದವರ ಕಡೆ ವಾಲಿ, “ಅವರು ಹಂಗ ಅನ್ನಬೇಕಾಗ್ತೈತ್ರಿ. ಕೋರ್ಟಿನ ಅಂಜಿಕಿ ಇರತೈತಿ,” ಎಂದರು. ಇಡೀ ಸಾಲು ತಲೆದೂಗಿತು. ಅಲ್ಲ ಎಂದದ್ದೇ ಹೌದು ಎಂಬುದಕ್ಕೆ ಸಾಕ್ಷಿಯಾದರೆ ಇನ್ನು ಯಾರು ಏನು ಮಾಡಬೇಕು?

ಸಂವಾದದ ಮಾತು ಎದುರು ಮನೆಗೂ ಮುಟ್ಟಿತ್ತು, ಮರುದಿನ ಬಾಳವ್ವ ಓಣಿ ದಾಟಿ ಬಂದಳು. ಗ್ರಂಥಾಲಯದ ಹೊಸಿಲು ಅವಳು ತುಳಿದದ್ದು ಅದೇ ಮೊದಲು.

“ಮಾಸ್ತರ, ಆ ಪುಸ್ತಕ ಕೊಡ್ರಿ.”

“ಯಾವ ಪುಸ್ತಕ ಯವ್ವಾ?”

“ನಾ ಇರೋದು.”

ನದಾಫ ಮಾಸ್ತರರು ನನ್ನನ್ನು ಮೇಜಿನ ಖಾನೆಯಲ್ಲಿ ಹಿಂದಕ್ಕೆ ತಳ್ಳಿದರು. “ಅದು ಯಾರೋ ಒಯ್ದಾರ ಯವ್ವಾ. ಅದನ್ನ ಓದಿ ಏನ್ಮಾಡ್ತಿ? ಬರೇ ಸುಳ್ಳು,” ಎಂದರು. ಕೊಡಬೇಡಿ ಮಾಸ್ತರರೇ ಎಂದು ನಾನೂ ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಬಾಳವ್ವ ಅಲ್ಲಾಡಲಿಲ್ಲ. “ಊರೆಲ್ಲಾ ಓದೇತಿ. ನಾ ಒಬ್ಬಾಕಿ ಓದಬಾರದೇನು?” ಎಂದಳು. ಮಾಸ್ತರರು ತಲೆ ತಗ್ಗಿಸಿ ಖಾನೆ ಎಳೆದರು.

ಅವಳು ನನ್ನನ್ನು ಮನೆಗೆ ಒಯ್ದು, ಬಾಗಿಲಲ್ಲಿ ಕೂತು ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದಳು. ಮುಪ್ಪಿನಲ್ಲಿ ಅವಳಿಗೆ ಅಕ್ಷರ ಕಲಿಸಿದವರು ಪದ್ಮಾವತಿ ಅಕ್ಕೋರೇ ಅಂತೆ, ಸಂಜೆ ಹೊತ್ತು, ಅದೇ ಬಾಗಿಲಲ್ಲಿ ಕೂಡಿಸಿಕೊಂಡು. ದಿನಗಟ್ಟಲೆ ಓದಿ ನೂರಾ ನಲವತ್ತೆರಡಕ್ಕೆ ಬಂದಳು. ನನ್ನ ಸಾಲನ್ನು ಓದಿದಳು. ಅಂಚಿನಲ್ಲಿದ್ದ ತನ್ನ ಹೆಸರನ್ನು ಓದಿದಳು. ಅದರ ಕೆಳಗಿನ ‘ಹೌದು’ ಎಂಬುದನ್ನೂ ಓದಿದಳು. “ಅಕ್ಕೋರ, ಇದನ್ನ ಓದ್ಲಿ ಅಂತ ಕಲಿಸಿದ್ರೇನ್ರಿ ನನಗ?” ಎಂದಳು. ಪುಸ್ತಕಕ್ಕೆ ಬಾಯಿ ಇಲ್ಲ, ಇರುವುದನ್ನು ಬಿಟ್ಟು ಬೇರೆ ಒಂದಕ್ಷರ ಹೇಳಲು ಬರುವುದಿಲ್ಲ.

ಹಿಂದಿರುಗಿಸುವ ಮೊದಲು ಅವಳು ಬಾಲ್‌ಪೆನ್ನು ತಂದು, ಪೆನ್ಸಿಲಿನ ಗೀಚುಗಳ ಕೆಳಗೆ ಉಳಿದಿದ್ದ ಜಾಗದಲ್ಲಿ, ಕೌದಿಯ ಹೊಲಿಗೆಯಂತೆ ಅಗಲಗಲ ಅಕ್ಷರಗಳಲ್ಲಿ ಬರೆದಳು: ‘ನಾ ಕೀಲಿಕೈ ಕೊಟ್ಟಿಲ್ಲ. ಅಕ್ಕೋರೇ ಬಾಗಿಲಾ ತಗದಾರ. ಬಾಳವ್ವ.’

ಅಷ್ಟು ದಿನದಲ್ಲಿ ನನಗೆ ಮೊದಲ ಸಲ ಉಸಿರಾಡಿದಂತಾಯಿತು. ಮುಂದೆ ಬಂದವರು ಅವಳಿಗೆ ಉತ್ತರ ಬರೆದರು. ‘ಮಾಡಿದವರು ಮಾಡಿದೆ ಅನ್ನುತ್ತಾರೆಯೇ?’ ಎಂದು ಒಬ್ಬರು ಬರೆದದ್ದು ನಿಜ. ಆದರೆ ‘ನಾನು ನಂಬುತ್ತೇನೆ’ ಎಂದು ಇನ್ನೊಬ್ಬರು ಬರೆದರು. ‘ನಾವು ಇಂಥದ್ದನ್ನು ಬರೆದದ್ದಕ್ಕೆ ನಾಚಿಕೆಯಾಗಬೇಕು’ ಎಂದು ಮತ್ತೊಬ್ಬರು. ಹಿಂದಿನ ಬೀದಿಯಲ್ಲಿದ್ದ ಒಬ್ಬ ನರ್ಸ್ ನನ್ನನ್ನು ಓದಿ ಮರಳಿಸಿದವಳು, ನೇರ ಓಣಿ ದಾಟಿ ಹೋಗಿ ತನ್ನ ಮನೆಯ ಕೀಲಿಕೈಯನ್ನು ಬಾಳವ್ವನ ಕೈಗೆ ಕೊಟ್ಟಳು. ಒಂದು ಮೊಳೆ ತುಂಬಿತು. ಇನ್ನೂ ತುಂಬುತ್ತವೆ ಎಂದು ನಾನು ಲೆಕ್ಕ ಹಾಕುತ್ತಿದ್ದೆ.

ಅಷ್ಟರಲ್ಲಿ ನದಾಫ ಮಾಸ್ತರರ ಒಳ್ಳೆಯತನ ಅಡ್ಡ ಬಂತು. ಕೈ ಬದಲಾಗಿ ಬದಲಾಗಿ ನನ್ನ ಬೆನ್ನು ಬಿಚ್ಚಿಕೊಂಡಿತ್ತು. ಗದಗಿನ ಬೈಂಡರನ ಅಂಗಡಿಗೆ ಒಯ್ದು ಅವನ ಮುಂದೆ ಇಟ್ಟು ಹೇಳಿದರು, “ಗಟ್ಟಿ ರಟ್ಟು ಹಾಕ್ರಿ. ಅಂಚು ಸ್ವಲ್ಪ ಜಾಸ್ತಿನ ಕತ್ತರಿಸ್ರಿ. ಆ ಮುದುಕಿ ಹೆಸರಿಲೆ ಗೀಚ್ಯಾರ, ಅದೆಲ್ಲಾ ಹೋಗಿಬಿಡ್ಲಿ.” ಅವಳ ಸಾಲೂ ಅದೇ ಅಂಚಿನಲ್ಲಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಯಾರು ಬರೆದಿಟ್ಟದ್ದನ್ನೂ ಅವರು ಪೂರ್ತಿ ಓದುತ್ತಿರಲಿಲ್ಲ, ಓದಿದರೆ ಸಂಕಟವಾಗುತ್ತಿತ್ತು. ನನ್ನನ್ನು ಯಂತ್ರದ ಕೆಳಗೆ ಇಟ್ಟು ಬಿಗಿದರು. ಅಲಗು ಇಳಿಯಿತು. ಅಪವಾದವೂ ಹೋಯಿತು, ‘ನಾ ಕೊಟ್ಟಿಲ್ಲ’ವೂ ಹೋಯಿತು. ನೆಲದ ಮೇಲೆ ಸಣ್ಣ ಸಣ್ಣ ಪಟ್ಟಿಗಳಾಗಿ ಬಿದ್ದದ್ದನ್ನು ಗುಡಿಸಿ ಚೀಲಕ್ಕೆ ತುಂಬಿದರು. ನನ್ನೊಳಗೆ ಉಳಿದದ್ದು ಅಚ್ಚಾದ ಸಾಲು ಮಾತ್ರ.

ಹೊಸ ನೀಲಿ ರಟ್ಟಿನಲ್ಲಿ ನಾನು ಮರಳಿದಾಗ ಮಾಸ್ತರರು ಸಂಭ್ರಮದಿಂದ ಬಾಳವ್ವನನ್ನು ಕರೆದು ತೋರಿಸಿದರು. “ನೋಡ ಯವ್ವಾ, ನಿನ್ನ ಹೆಸರು ಎಲ್ಲೂ ಇಲ್ಲ ಈಗ. ಎಲ್ಲಾ ಸ್ವಚ್ಛ ಆತು.”

ಅವಳು ಪುಟ ತೆಗೆದು ಬೆರಳಿಟ್ಟಳು. ಬೆರಳು ಹಾಳೆಯ ಆಚೆ ಗಾಳಿಗೆ ಹೋಯಿತು.

“ನಾ ಬರದಿದ್ದು?”

“ನೀ... ನೀನೂ ಬರದಿದ್ದೇನ ಯವ್ವಾ?”

“ಹೂಂ. ನಂದು ಹೋತು ಮಾಸ್ತರ. ಪುಸ್ತಕ ಬರದವರದು ಉಳೀತು,” ಎಂದು ನನ್ನನ್ನು ಮೆಲ್ಲಗೆ ಮುಚ್ಚಿ ಮೇಜಿನ ಮೇಲಿಟ್ಟು ಹೋದಳು. ಬೈದಿದ್ದರೆ ಚೆನ್ನಾಗಿತ್ತು. ಮಾಸ್ತರರು ಅಂದು ಪೇಪರನ್ನೂ ಓದಲಿಲ್ಲ, ಚಹಾವನ್ನೂ ಕುಡಿಯಲಿಲ್ಲ.

ಸಂಜೆ ಅವರು ಗ್ರಂಥಾಲಯಕ್ಕೆ ಬೀಗ ಹಾಕಿದರು. ಯಾವತ್ತೂ ಕಿಸೆಗೆ ಇಳಿಯುತ್ತಿದ್ದ ಕೀಲಿಕೈ ಅಂದು ಇಳಿಯಲಿಲ್ಲ. ಓಣಿ ದಾಟಿ ಅದನ್ನು ಬಾಳವ್ವನ ಮುಂದೆ ಹಿಡಿದು, ಎಲ್ಲರಿಗೂ ಕೇಳುವಂತೆ, “ಯವ್ವಾ, ನನ್ನ ಬಸ್ಸಿಗೆ ನೆಚ್ಚಿಕಿ ಇಲ್ಲ. ಇದು ಇನ್ನ ಮ್ಯಾಲ ನಿನ್ನ ಕಡೆನ ಇರ್ಲಿ. ಮುಂಜಾನೆ ನೀನ ತಗಿ,” ಎಂದರು. ಹಾದಿಮನಿಯವರು ಅಲ್ಲೇ ಇದ್ದರು. “ಸರ್ಕಾರಿ ಆಸ್ತಿ ಮಾಸ್ತರ, ಯಾರ ಕೈಯಾಗ ಕೊಡಾಕತ್ತೀರಿ ನೋಡ್ಕೊಳ್ರಿ,” ಎಂದರು. “ನೋಡೇ ಕೊಟ್ಟೀನ್ರಿ,” ಎಂದು ಮಾಸ್ತರರು ಬಸ್ಸಿಗೆ ಹೊರಟರು. ಅವರ ಹೆಜ್ಜೆ ದೂರವಾದ ಮೇಲೆ ಬೀಗವನ್ನು ಎರಡು ಸಲ ಜಗ್ಗಿದ ಸದ್ದು ಕೇಳಿತು.

ಅದಾಗಿ ಬಹಳ ವರ್ಷಗಳಾದವು. ಈಗ ನಾನು ಕೆಳಗಿನ ಖಾನೆಯಲ್ಲಿದ್ದೇನೆ. ಹಾಳೆ ಹಳದಿಯಾಗಿದೆ, ನೀಲಿ ರಟ್ಟಿಗೆ ಬೂಷ್ಟು ಹಿಡಿದಿದೆ. ರದ್ದಿಗೆ ಹಾಕಿದ್ದರೂ ನನಗೆ ಬೇಸರವಿರಲಿಲ್ಲ. ಆದರೆ ಅಲ್ಲೂ ಭಯ ಬಿಡುತ್ತಿರಲಿಲ್ಲ. ಯಾರೋ ನನ್ನ ಹಾಳೆ ಹರಿದು ಮಿರ್ಚಿ ಕಟ್ಟಿಕೊಟ್ಟು, ತಿಂದವನು ಆ ಸಾಲನ್ನು ಓದಿ ನಂಬಿದರೆ?

ಮೊನ್ನೆ ಒಬ್ಬ ಪರವೂರಿನ ತರುಣ ಬಂದ. ಮಾಸ್ತರರು ಜಿಲ್ಲಾ ಕಚೇರಿಯ ಸಭೆಗೆ ಹೋಗಿದ್ದರು. ಆ ಕೊಲೆಯ ಕಾದಂಬರಿ ಇದೆಯಾ ಎಂದು ಕೇಳಿದ. ಬಾಗಿಲು ತೆರೆದು ಕೂತಿದ್ದ ಬಾಳವ್ವ, ಬೆನ್ನು ಬಾಗಿದ್ದರೂ, ತಾನೇ ಕೆಳಗಿನ ಖಾನೆಗೆ ಕೈ ಹಾಕಿ ನನ್ನನ್ನು ತೆಗೆದಳು. ಧೂಳು ಒರೆಸಿ ಅವನ ಮುಂದೆ ಇಟ್ಟಳು.

“ಓದ್ರಿ. ಓದಿದ ಮ್ಯಾಲ ಕೀಲಿ ಹಾಕಿ ಕೀಲಿಕೈ ನನ್ನ ಕಡೆ ಕೊಟ್ಟು ಹೋಗ್ರಿ. ನಾ ಎದುರಿಗೇ ಇರ್ತೀನಿ,” ಎಂದು ಕೀಲಿಕೈಯನ್ನು ನನ್ನ ಪಕ್ಕದಲ್ಲಿಟ್ಟು ಮನೆಗೆ ಹೋದಳು.

ಅವನು ದಿನವಿಡೀ ಓದಿದ. ನೂರಾ ನಲವತ್ತೆರಡಕ್ಕೆ ಬಂದಾಗ ತಲೆ ಎತ್ತಿ ಕಿಟಕಿಯಿಂದ ಎದುರು ಗೋಡೆಯ ಮೊಳೆಗಳನ್ನು ನೋಡಿದ. ಮತ್ತೆ ಪುಟ ನೋಡಿದ. ಮತ್ತೆ ಗೋಡೆ ನೋಡಿದ. ನನ್ನ ಜೀವ ಹೋಗಿ ಬಂತು. ಕೊನೆಯ ಪುಟ ಮುಗಿಸಿ, ನನ್ನನ್ನು ಮೇಜಿನ ಮೇಲೆ ಬಿಟ್ಟು, ಹೊರಗೆ ಹೋಗಿ ಬೀಗ ಹಾಕಿದ. ಆಗ ಹಾದಿಮನಿಯವರ ಮುಪ್ಪಾದ ದನಿ ಕೇಳಿತು, “ತಮ್ಮಾ, ಕಾದಂಬರಿ ಓದಿದ್ಯಲ್ಲ? ಕೀಲಿಕೈ ನನ್ನ ಕಡೆ ಕೊಡು. ನಾ ಮಾಸ್ತರಗ ಮುಟ್ಟಸ್ತೀನಿ.”

ಹುಡುಗ ಹೊರಟ. ಹೆಜ್ಜೆಗಳ ಸದ್ದಾಯಿತು, ಯಾವ ಕಡೆಗೆ ಎಂದು ತಿಳಿಯಲಿಲ್ಲ. ಆಮೇಲೆ ಏನೂ ಕೇಳಲಿಲ್ಲ. ಕತ್ತಲಾಗುತ್ತಿದ್ದ ಕೋಣೆಯಲ್ಲಿ ನಾನು ಒಬ್ಬನೇ ಬಾಗಿಲಿಗೆ ಕಿವಿಗೊಟ್ಟು ಬಿದ್ದಿದ್ದೆ.

ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಳೆಗಳ ಸದ್ದಾಯಿತು. ಬೀಗವನ್ನು ಯಾರೋ ಎರಡು ಸಲ ಜಗ್ಗಿ ನೋಡಿದರು.