ಅಕ್ಕ ಹೇಳಿದ ದಿನಕ್ಕೆ ಬಟ್ಟೆ ಕೊಟ್ಟಳು

ನನ್ನ ಅಕ್ಕ ಹೇಳಿದ ದಿನಕ್ಕೆ ಸರಿಯಾಗಿ ಬಟ್ಟೆ ಹೊಲಿದು ಕೊಟ್ಟದ್ದು ಜೀವಮಾನದಲ್ಲಿ ಒಂದೇ ಸಲ. ಅವತ್ತೇ ನಮ್ಮ ಮನೆಯ ಅನ್ನಕ್ಕೆ ಕಲ್ಲು ಬಿತ್ತು.

ಅಕ್ಕ ಟೈಲರ್. ನಾನು ಅವಳ ಅಂಗಡಿಯಲ್ಲಿ ಕಾಜಾ ಹೊಲಿಯುತ್ತೇನೆ, ಗುಂಡಿ ಹಾಕುತ್ತೇನೆ, ಬಟ್ಟೆ ಕೇಳಿಕೊಂಡು ಬಂದವರಿಗೆ ಸುಳ್ಳು ಹೇಳುತ್ತೇನೆ. ಮೊದಲ ಎರಡು ಕೆಲಸಕ್ಕಿಂತ ಮೂರನೆಯದಕ್ಕೇ ಹೆಚ್ಚು ಹೊತ್ತು ಹೋಗುತ್ತದೆ. "ನಾಳೆ ಬನ್ನಿ, ಇಸ್ತ್ರಿ ಒಂದು ಬಾಕಿ" ಎಂದು ನಾನು ಹೇಳುವಾಗ ಆ ಬಟ್ಟೆ ಇನ್ನೂ ಕತ್ತರಿಯನ್ನೇ ಕಂಡಿರುವುದಿಲ್ಲ. ಒಬ್ಬಾಕೆ ಬಸುರಿಯಾಗಿದ್ದಾಗ ಹೊಲಿಯಲು ಕೊಟ್ಟ ಕೂಸಿನ ಅಂಗಿಯನ್ನು ಆ ಕೂಸೇ ನಡೆದುಕೊಂಡು ಬಂದು ತೆಗೆದುಕೊಂಡು ಹೋಗಿದೆ. ಹಾಗಂತ ಅಕ್ಕ ಸೋಮಾರಿಯಲ್ಲ. ಯಾರಿಗೂ ಆಗುವುದಿಲ್ಲ ಅನ್ನಲು ಬಾರದ ಬಾಯಿ ಅವಳದು, ಬಂದ ಬಟ್ಟೆಯನ್ನೆಲ್ಲ ತೆಗೆದುಕೊಂಡು ರಾಶಿ ಹಾಕುತ್ತಾಳೆ.

ಅಂಗಡಿ ನಡೆಯುತ್ತಿದ್ದದ್ದು ಮುಖ್ಯವಾಗಿ ಶಾಲೆಯ ಸಮವಸ್ತ್ರದಿಂದ. ಊರು ಬೆಳೆದ ಹಾಗೆ ಶಾಲೆಯೂ ಬೆಳೆಯಿತು. ಮೊದಲು ಒಂದು ಕಟ್ಟಡ, ಅದರ ತಲೆಯ ಮೇಲೆ ಇನ್ನೊಂದು, ಆಮೇಲೆ ಅಂಗಳದಲ್ಲಿ ತಗಡಿನ ಕೋಣೆಗಳು. ಅದೂ ಸಾಲದೆ ಪಾಳಿ ಮಾಡಿದರು. ಬೆಳಿಗ್ಗೆ ಅರ್ಧ ಮಕ್ಕಳು, ಮಧ್ಯಾಹ್ನ ಇನ್ನರ್ಧ. ಅಕ್ಕ ಪ್ರತಿ ಚಡ್ಡಿಯ ಅಂಚಿನಲ್ಲೂ ಪ್ರತಿ ತೋಳಿನ ಹೊಲಿಗೆಯಲ್ಲೂ ಒಂದಿಷ್ಟು ಬಟ್ಟೆಯನ್ನು ಒಳಗೆ ಬಿಟ್ಟು ಹೊಲಿಯುತ್ತಿದ್ದಳು. "ಬೆಳೆಯೋ ಮಕ್ಕಳು ಕಣೆ, ಬಿಚ್ಚಿ ದೊಡ್ಡದು ಮಾಡ್ಕೊಳ್ಲಿ" ಅನ್ನುತ್ತಿದ್ದಳು. ಮಕ್ಕಳು ಬೆಳೆದರು, ಪಾಸಾದರು, ಇನ್ನೂ ಓದಿದರು. ಓದಿ ಮುಗಿದ ಮೇಲೆ ಎಲ್ಲರೂ ಬಂದು ನಮ್ಮ ಬೀದಿಯ ತುದಿಯಲ್ಲಿ, ಅರ್ಧಕ್ಕೆ ನಿಂತ ಮೇಲ್ಸೇತುವೆಯ ಕೆಳಗೆ, ಕೈ ಕಟ್ಟಿಕೊಂಡು ನಿಂತರು. ಅವರಲ್ಲಿ ಅರ್ಧ ಜನರ ಸೊಂಟದ ಅಳತೆ ಅಕ್ಕನಿಗೆ ಬಾಯಿಪಾಠವಿತ್ತು.

ಅಕ್ಕನಿಗೆ ಇಬ್ಬರು ಮಕ್ಕಳು. ಭಾವ ತೀರಿಕೊಂಡ ಮೇಲೆ ಹೊಲಿಗೆ ಮೆಷಿನ್ನೇ ಇಬ್ಬರನ್ನೂ ಸಾಕಿತು. ಮಗ ಎಷ್ಟು ಉದ್ದ ಅಂದರೆ ಅವನ ಹೆಸರೇ ಉದ್ದ ಎಂದಾಗಿಹೋಗಿತ್ತು. ಎರಡು ಪದವಿ ಇಟ್ಟುಕೊಂಡು ಕಟಿಂಗ್ ಮೇಜಿನ ತುದಿಯಲ್ಲಿ ಕೂತಿರುತ್ತಿದ್ದ. ಅವನನ್ನು ಎಬ್ಬಿಸಿ ಬಟ್ಟೆ ಹಾಸುವುದು, ಹಾಸಿದ ಮೇಲೆ ಮತ್ತೆ ಕೂರಿಸುವುದು ನಮ್ಮ ದಿನಚರಿಯ ಭಾಗವಾಗಿತ್ತು. ಮಗಳಿಗೆ ಮೈಕು ಎಂದು ಹೆಸರು. ಅವಳು ಪಿಸುಗುಟ್ಟಿದರೂ ಪಕ್ಕದ ಬೀದಿಯವರು ತಿರುಗಿ ನೋಡುತ್ತಾರೆ. ಸೇತುವೆಯ ಕೆಳಗೆ ನಿಂತವರೆಲ್ಲ ಒಂದು ದಿನ "ಕೆಲಸ ಕೊಡಿ" ಎಂದು ಕೂಗಲು ಶುರುಮಾಡಿದಾಗ ಮುಂದೆ ನಿಂತವಳು ಅವಳೇ. ಬೇರೆ ಯಾರನ್ನು ನಿಲ್ಲಿಸಿದರೂ ಲಾರಿಗಳ ಸದ್ದಿನಲ್ಲಿ ಕೇಳಿಸುತ್ತಿರಲಿಲ್ಲ.

ಸರ್ಕಾರದವರು ಸುಮ್ಮನೆ ಕೂರಲಿಲ್ಲ. ಯುವಜನ ಶಾಂತಿ ಕಚೇರಿ ಎಂದು ಒಂದನ್ನು ತೆರೆದು, ನಿವೃತ್ತಿಯಾಗಿ ಮನೆಯಲ್ಲಿ ಮೊಮ್ಮಕ್ಕಳನ್ನು ಗದರುತ್ತಿದ್ದ ಒಬ್ಬರನ್ನು ಹುಡುಕಿ ತಂದು ಕೂರಿಸಿದರು. ನಾವು ಅವರನ್ನು ಶಾಂತಿ ಸಾಹೇಬರು ಅನ್ನುತ್ತಿದ್ದೆವು. ಹುಡುಗರು ಏನು ಕೇಳಿದರೂ ಅವರು "ನಾಳೆ ನೋಡೋಣ" ಅನ್ನುತ್ತಿದ್ದರು. ನಮ್ಮ ಅಂಗಡಿಯ ಬಂಡವಾಳವನ್ನೇ ಕದ್ದ ಮನುಷ್ಯ ಎಂದು ನನಗೆ ಅವರ ಮೇಲೆ ಮೊದಲಿನಿಂದಲೂ ಸಿಟ್ಟು.

ಆದರೆ ತಲೆ ಇತ್ತು, ಇಲ್ಲ ಅನ್ನಬಾರದು. ಕೆಲಸ ಕೇಳುತ್ತಿದ್ದ ಹುಡುಗರಲ್ಲಿ ಒಂದಷ್ಟು ಜನಕ್ಕೆ ಕೆಲಸ ಕೊಟ್ಟೇಬಿಟ್ಟರು. ಮಿಕ್ಕವರು ಕೆಲಸ ಕೇಳದಂತೆ ತಡೆಯುವ ಕೆಲಸ. ಹುದ್ದೆಯ ಹೆಸರು ಶಾಂತಿ ಸಹಾಯಕ. ಒಂದು ಟೋಪಿ, ಒಂದು ಸೀಟಿ, ಒಂದು ಬಿದಿರಿನ ಕೋಲು. ಉದ್ದನಿಗೂ ಸಿಕ್ಕಿತು. ಅವನ ಎತ್ತರ ಒಂದು ಕೆಲಸಕ್ಕೆ ಬಂದದ್ದು ಅದೇ ಮೊದಲು.

ಸಮವಸ್ತ್ರ ಹೊಲಿಯುವ ಕೆಲಸವೂ ನಮಗೇ ಬಂತು. ಸಾಹೇಬರು ಕಾರಿನಿಂದ ಇಳಿಯದೆ ಗಾಜು ಇಳಿಸಿ ಹೇಳಿದರು.

"ಎಲ್ಲಾ ಒಂದೇ ಅಳತೆ ಹೊಲೀರಿ."

"ಅದ್ಹೇಗಾಗುತ್ತೆ ಸಾರ್? ಒಬ್ಬ ಸಣ್ಣ ಇರ್ತಾನೆ, ಒಬ್ಬ ದಪ್ಪ ಇರ್ತಾನೆ" ಅಂದಳು ಅಕ್ಕ.

"ಯುವಕರಮ್ಮಾ. ಎಲ್ಲಾ ಒಂದೇ" ಎಂದು ಗಾಜು ಏರಿಸಿದರು.

ಅಕ್ಕ ಅವರ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ತನಗೆ ಗೊತ್ತಿದ್ದ ಸೊಂಟಗಳಿಗೆ ತಕ್ಕಂತೆ ಹೊಲಿದಳು, ಎಂದಿನಂತೆ ತಡಮಾಡಿ ಕೊಟ್ಟಳು. ತೋಳಿನ ಹೊಲಿಗೆಯಲ್ಲಿ ಎಂದಿನಂತೆ ಬಟ್ಟೆಯನ್ನೂ ಒಳಗೆ ಬಿಟ್ಟಳು.

"ಇನ್ನೆಷ್ಟು ಬೆಳೀತಾರೆ ಇವರು, ಮೀಸೆ ಬಂದಾಯ್ತು" ಎಂದೆ ನಾನು.

"ಕಾಯಂ ಆದ್ಮೇಲೆ ದಪ್ಪ ಆಗ್ತಾರೆ ಕಣೆ. ಎಲ್ಲಾ ಕಚೇರಿಲೂ ನೋಡಿಲ್ವಾ?"

ಈ ಕಾಯಂ ಅನ್ನುವ ಶಬ್ದ ನಮ್ಮ ಮನೆಗೆ ಕಾಲಿಟ್ಟದ್ದು ಆಗಲೇ. ನಿಯಮ ಹೀಗಿತ್ತು: ಆರು ತಿಂಗಳು ಬಿಡದೆ ಅಶಾಂತಿ ಇದ್ದರೆ ಶಾಂತಿ ಸಹಾಯಕರ ಹುದ್ದೆ ಕಾಯಂ. ನಡುವೆ ಶಾಂತಿ ನೆಲಸಿದರೆ ಎಲ್ಲರೂ ಮನೆಗೆ. ಇಂಥ ನಿಯಮ ಬರೆದವರ ಕೈಗೆ ಏನು ತೊಡಿಸಬೇಕೋ, ಬಳೆಯೋ ಕೋಳವೋ, ನನಗಂತೂ ತಿಳಿಯದು.

ಒಂದು ಸಂಜೆ ಊಟಕ್ಕೆ ಕೂತಾಗ ಮೈಕು ತಟ್ಟೆಯ ಮುಂದೆ ಮುಖ ಇಳಿಬಿಟ್ಟಿದ್ದಳು.

"ನಮ್ ಹುಡುಗ್ರಿಗೆ ಸಾಕಾಗೋಗಿದೆ. ಬಿಸಿಲಲ್ಲಿ ಕೂಗಿ ಕೂಗಿ ಗಂಟಲು ಹೋಯ್ತು. ಮುಂದಿನ ವಾರದಿಂದ ನಿಲ್ಲಿಸೋಣ ಅಂತಿದ್ದಾರೆ."

ಉದ್ದನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ನಿಲ್ಸೋದಾ? ಹೊಟ್ಟೆ ಮೇಲೆ ಹೊಡೀಬೇಡ ತಂಗಿ. ನೀವು ನಿಲ್ಲಿಸಿದ್ರೆ ನಾವು ಬೀದಿಗೆ ಬೀಳ್ತೀವಿ."

"ನಾವು ಆಗ್ಲೇ ಬೀದೀಲೇ ಇದ್ದೀವಲ್ಲ!"

"ಅದೇ ಹೇಳ್ತಿರೋದು. ಅಲ್ಲೇ ಇರಿ ಅಂತ."

ಅಣ್ಣ ತಂಗಿ ಕೈ ಒಣಗುವ ತನಕ ಮಾತಾಡಿದರು. ಕೊನೆಗೆ ಶಾಲೆಯಲ್ಲಿ ಕಲಿತ ಒಂದೇ ಒಂದು ವಿದ್ಯೆ ಅವರ ಕೈ ಹಿಡಿಯಿತು. ಪಾಳಿ. ಬೆಳಿಗ್ಗೆ ಅರ್ಧ ಜನ ಶಾಂತಿ ಸಹಾಯಕರು, ಅರ್ಧ ಜನ ಪ್ರತಿಭಟನೆ. ಮಧ್ಯಾಹ್ನ ಅದಲು ಬದಲು. ಸಂಬಳ ಹಂಚಿಕೊಳ್ಳುವುದು. ಸೇತುವೆಯ ಕೆಳಗೆ ರಾಶಿ ಬಿದ್ದಿದ್ದ ದೊಡ್ಡ ಸಿಮೆಂಟ್ ಪೈಪುಗಳ ಒಳಗೆ ಬಟ್ಟೆ ಬದಲಾಯಿಸುವುದು. ಕೋಲು ಬೀಸಿದರೆ ನೆಲಕ್ಕೆ, ಬೈದರೆ ಯಾರ ಅಮ್ಮನ ಹೆಸರೂ ಎತ್ತದೆ. ಈ ಕೊನೆಯ ಷರತ್ತು ಹಾಕಿದವಳು ಅಕ್ಕ.

ಮರುದಿನವೇ ಉದ್ದ ಪ್ಯಾಂಟುಗಳ ಗಂಟು ಹೊತ್ತು ಅಂಗಡಿಗೆ ಬಂದ. "ಅಮ್ಮ, ಇವಕ್ಕೆಲ್ಲ ಸೊಂಟಕ್ಕೆ ಲಾಡಿ ಹಾಕಿಕೊಡು. ಬೆಳಿಗ್ಗೆ ಸಣ್ಣಗಿರೋನು ಹಾಕಿದ್ದನ್ನ ಮಧ್ಯಾಹ್ನ ದಪ್ಪಗಿರೋನು ಹಾಕ್ಬೇಕು."

"ಅಧಿಕಾರದ ಪ್ಯಾಂಟಿಗೆ ಲಾಡಿನಾ? ಯಾರಾದ್ರೂ ಎಳೆದ್ರೆ ಏನೋ ಗತಿ?"

"ಎಳೆಯೋರೂ ನಾವೇ ಅಲ್ವಾ ಅಮ್ಮ. ಎಳೆಯಲ್ಲ ಬಿಡು."

ಅಂತೂ ಊರಿನಲ್ಲಿ ಅಶಾಂತಿ ಬಹಳ ಶಾಂತವಾಗಿ ನಡೆಯಿತು. ದಿನಾ ಬೆಳಿಗ್ಗೆ ಮೈಕು ಘೋಷಣೆ ಎತ್ತುತ್ತಿದ್ದಳು, ಉದ್ದ ಸೀಟಿ ಊದುತ್ತಿದ್ದ, ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಬುತ್ತಿ ಬಿಚ್ಚುತ್ತಿದ್ದರು. ಸಾಹೇಬರು ದೂರದಲ್ಲಿ ಕಾರು ನಿಲ್ಲಿಸಿ ಗಾಜಿನ ಒಳಗಿಂದಲೇ ನೋಡುತ್ತಿದ್ದರು. ಗಲಾಟೆ ಇದೆ, ಹತೋಟಿಯಲ್ಲೂ ಇದೆ. ಅವರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಯೋಜನೆ ಗೆದ್ದಿತೆಂದು ಮೇಲಿನವರಿಗೆ ಹೇಳಿ ಹುದ್ದೆಗಳನ್ನು ದುಪ್ಪಟ್ಟು ಮಾಡಿಸಿದರು. ಸೇತುವೆಯ ಕೆಳಗಿದ್ದ ಉಳಿದ ಹುಡುಗರಿಗೂ ನೇಮಕ ಆಯಿತು. ಆದರೆ ಸಮವಸ್ತ್ರ ಇಲ್ಲದೆ ಹಾಜರಿ ಇಲ್ಲ, ಹಾಜರಿ ಇಲ್ಲದೆ ಸಂಬಳ ಇಲ್ಲ. ಹೊಸ ಬಟ್ಟೆ ಬರುವವರೆಗೆ ಪಾಳಿ ಹಾಗೇ ನಡೆಯಲಿ ಎಂದು ಹುಡುಗರು ಮಾತಾಡಿಕೊಂಡರು.

ಥಾನುಗಟ್ಟಲೆ ಬಟ್ಟೆ ನಮ್ಮ ಅಂಗಡಿಗೆ ಬಂದು ಬಿತ್ತು. ಮೇಲಿನಿಂದ ದೊಡ್ಡವರೊಬ್ಬರು ಬಂದು ಎಲ್ಲವನ್ನೂ ಕಣ್ಣಾರೆ ನೋಡುವವರಿದ್ದರು. ಅವರು ಬರುವ ಸೋಮವಾರಕ್ಕೇ ಸಮವಸ್ತ್ರ ಬೇಕು ಎಂದರು ಸಾಹೇಬರು. "ಆಗ್ಲಿ ಸಾರ್" ಅಂದಳು ಅಕ್ಕ, ಎಲ್ಲರಿಗೂ ಅನ್ನುವ ಹಾಗೆಯೇ. ಕಾಯಂ ಆಗಲು ಆ ಸೋಮವಾರ ದಾಟಿ ಇನ್ನು ಸ್ವಲ್ಪವೇ ದಿನ ಬಾಕಿ.

ಇಲ್ಲಿ ಒಂದು ಮಾತು. ಬೇಗ ಕೊಡಬೇಡ ಎಂದು ಅಕ್ಕನಿಗೆ ಯಾರೂ ಹೇಳಲಿಲ್ಲ. ಎಲ್ಲರಿಗೂ ಬಟ್ಟೆ ಸಿಕ್ಕರೆ ಕೂಗಲು ಯಾರೂ ಉಳಿಯುವುದಿಲ್ಲ ಎಂಬುದು ಉದ್ದನಿಗೂ ಗೊತ್ತಿತ್ತು, ಮೈಕುವಿಗೂ ಗೊತ್ತಿತ್ತು. ಆದರೆ ನನ್ನ ಅಕ್ಕನಿಗೆ ತಡಮಾಡು ಎಂದು ಹೇಳಿಕೊಡಬೇಕಾದೀತು ಎಂದು ಯಾರಿಗೆ ತಾನೇ ಹೊಳೆಯುತ್ತದೆ? ಮೀನಿಗೆ ಯಾರಾದರೂ ಈಜಲು ನೆನಪಿಸುತ್ತಾರೆಯೇ? ಉದ್ದ ಹೇಳಿದ್ದು ಇಷ್ಟೇ: "ಅಮ್ಮ, ಇನ್ನು ಸ್ವಲ್ಪ ದಿನ. ಯಾವ ಎಡವಟ್ಟೂ ಆಗಬಾರ್ದು."

ತಾಯಿಯ ಕಿವಿಗೆ ಅದು ಕೇಳಿಸಿದ ಬಗೆಯೇ ಬೇರೆ. ಇಷ್ಟು ಕಾಲ ಊರಿನವರ ಬಟ್ಟೆ ತಡಮಾಡಿದ್ದು ಸಾಕು, ಮಗನ ಅನ್ನದ ವಿಷಯದಲ್ಲಿ ಹಾಗಾಗಬಾರದು ಎಂದು ಅವಳು ಟೊಂಕ ಕಟ್ಟಿ ನಿಂತಳು. ಬೇರೆ ಬಟ್ಟೆಗಳನ್ನೆಲ್ಲ ಅಟ್ಟಕ್ಕೆ ಎಸೆದಳು. ಪಕ್ಕದ ಬೀದಿಯ ಟೈಲರನ ಕಾಲು ಹಿಡಿದು ಅವನ ಮೆಷಿನ್ನನ್ನೂ ತರಿಸಿದಳು. ನನ್ನ ಬೆರಳುಗಳು ಗುಂಡಿ ಹಾಕಿ ಹಾಕಿ ಊದಿಕೊಂಡವು. ನನಗಾದರೂ ಬುದ್ಧಿ ಬೇಡವೇ? ಅಕ್ಕನ ಮುಖದಲ್ಲಿ ಅಂಥ ಹುರುಪನ್ನು ಯಾವತ್ತೂ ಕಂಡಿರಲಿಲ್ಲ, ನಾನೂ ಮರುಳಾದೆ.

ಸೋಮವಾರ ಬೆಳಿಗ್ಗೆ ಆಟೋ ತುಂಬ ಸಮವಸ್ತ್ರ ಹೇರಿಕೊಂಡು ನಾವಿಬ್ಬರೂ ಸೇತುವೆಯ ಕೆಳಗೆ ಇಳಿದೆವು. ಹುಡುಗರು ಮುಗಿಬಿದ್ದರು. ಯಾವತ್ತೂ ಇನ್ನೊಬ್ಬರ ಬೆವರಿನ ಬಟ್ಟೆಯನ್ನೇ ಹಾಕಿಕೊಂಡವರಿಗೆ ತಮ್ಮದೇ ಅಳತೆಯ, ಇಸ್ತ್ರಿ ಮಾಡಿದ, ಲಾಡಿಯಿಲ್ಲದ ಪ್ಯಾಂಟು ಸಿಕ್ಕಿತ್ತು. ಬೇಡ ಅನ್ನಲು ಯಾರಿಗೆ ಮನಸ್ಸು ಬಂದೀತು? ಉದ್ದ ದೂರದಿಂದ ಕೈ ಬೀಸುತ್ತ ಓಡಿ ಬಂದ. "ಅಮ್ಮಾ, ಇವತ್ತೇ ಯಾಕೆ ತಂದೆ!" ಎಂದು ಅವನು ಅನ್ನುವಷ್ಟರಲ್ಲಿ ಪೈಪುಗಳ ಒಳಗಿಂದ ಎಲ್ಲರೂ ಶಾಂತಿ ಸಹಾಯಕರಾಗಿ ಹೊರಬರುತ್ತಿದ್ದರು. ಹಿಂದೆಯೇ ದೊಡ್ಡವರ ಕಾರುಗಳ ಸಾಲು ಬಂದು ನಿಂತಿತು.

ರಸ್ತೆ ತುಂಬ ಶಾಂತಿ ಸಹಾಯಕರು. ಅವರ ನಡುವೆ ಕೂಗಲು ಉಳಿದವಳು ಮೈಕು ಒಬ್ಬಳೇ.

"ಗಲಾಟೆ ಎಲ್ಲಿ?" ಎಂದರು ದೊಡ್ಡವರು.

ಸಾಹೇಬರು ಸುತ್ತ ನೋಡಿ ಬೆವರು ಒರೆಸಿಕೊಂಡರು. ಏನು ಮಾಡಿದರೂ ಹೆಸರು ತಮಗೇ ಬರಬೇಕಲ್ಲ. "ನಿಂತಿದೆ ಸಾರ್. ಪೂರ್ತಿ ಶಾಂತಿ."

ಮೈಕು ಪಾಪ, ಅಣ್ಣನ ಕೆಲಸ ಉಳಿಸಲು ಇದ್ದಷ್ಟೂ ಗಂಟಲು ಹರಿದುಕೊಂಡು "ಕೆಲಸ ಕೊಡಿ!" ಎಂದು ಕೂಗಿದಳು. ಅಭ್ಯಾಸಬಲದಿಂದ ಒಂದಿಬ್ಬರು ಸಹಾಯಕರು "ಕೊಡಿ, ಕೊಡಿ!" ಎಂದು ದನಿಗೂಡಿಸಿ ನಾಲಿಗೆ ಕಚ್ಚಿಕೊಂಡರು.

"ಒಂದು ಹುಡುಗಿಗೆ ಇಷ್ಟು ಜನಾನಾ?" ದೊಡ್ಡವರು ನಕ್ಕರು. "ಭೇಷ್. ಹಾಗಾದ್ರೆ ಇವರ ಅಗತ್ಯ ಇನ್ನಿಲ್ಲ. ಸಂಜೆಯಿಂದ ಎಲ್ಲಾ ಹುದ್ದೆ ರದ್ದು ಮಾಡಿ." ಸಾಹೇಬರ ಕೊರಳಿಗೆ ಅಲ್ಲೇ ಹಾರ ಬಿತ್ತು.

ಆಮೇಲೆ ಮೊದಲ ಸಲ ಒಂದು ಕಲ್ಲು ಹಾರಿತು. ಅದಕ್ಕೆ ಪಾಳಿ ಇರಲಿಲ್ಲ, ಷರತ್ತೂ ಇರಲಿಲ್ಲ. ಎಲ್ಲರ ಅಮ್ಮಂದಿರ ಹೆಸರೂ ಬಂತು. ಅಸಲಿ ಪೊಲೀಸರು ಬಂದರು, ಅವರ ಕೋಲು ನೆಲಕ್ಕೆ ಬೀಳುವ ಕೋಲಲ್ಲ. ತಂಗಿಯನ್ನು ಎಳೆದುಕೊಳ್ಳಲು ಅಡ್ಡ ಬಂದ ಉದ್ದನ ಬಲಗೈ ಮುರಿಯಿತು. ಎಲ್ಲರಿಗಿಂತ ಎತ್ತರವಿದ್ದ ಅವನು ಎಲ್ಲರಿಗಿಂತ ಮೊದಲು ಕಣ್ಣಿಗೆ ಬಿದ್ದಿದ್ದ.

ಮರುದಿನ ಅಂಗಡಿಯಲ್ಲಿ ಅಕ್ಕ ಕತ್ತರಿ ಹಿಡಿದು ಕೂತಿದ್ದಳು. ಉದ್ದ ಕಟಿಂಗ್ ಮೇಜಿನ ತುದಿಯಲ್ಲಿ, ತನ್ನ ಹಳೆಯ ಜಾಗದಲ್ಲೇ. ಕೈಗೆ ದಪ್ಪ ಪ್ಲಾಸ್ಟರು. ಯಾವ ಅಂಗಿಯ ತೋಳಿಗೂ ಅದು ತೂರುತ್ತಿರಲಿಲ್ಲ, ಬಿಚ್ಚಿ ದೊಡ್ಡದು ಮಾಡಲು ಬರುವುದು ಸಮವಸ್ತ್ರದ ಅಂಗಿಯೊಂದೇ. ಅಕ್ಕ ಅದರ ತೋಳಿನ ಹೊಲಿಗೆ ಬಿಚ್ಚಿ, ಕಾಯಂ ಆಗಿ ದಪ್ಪಗಾದಾಗ ಇರಲೆಂದು ಒಳಗೆ ಬಿಟ್ಟಿದ್ದ ಬಟ್ಟೆಯನ್ನು ಹೊರಗೆಳೆಯುತ್ತಿದ್ದಳು. ದುಃಖ ತಡೆಯಲಾಗದೆ ನಾನು ಗುಂಡಿ ಡಬ್ಬದೊಳಗೆ ಮುಖ ಹಾಕಿ ಕೂತೆ.

"ಬಿಡಮ್ಮ, ನೀನು ಬೇಕು ಅಂತ ಮಾಡಿದ್ದಲ್ಲ" ಅಂದ ಉದ್ದ.

ಅಕ್ಕ ದಾರ ಕಚ್ಚಿ ತುಂಡು ಮಾಡಿದಳು.

ಹೊರಗೆ ಕಾರು ನಿಂತಿತು. ಈ ಸಲ ಶಾಂತಿ ಸಾಹೇಬರು ಗಾಜು ಇಳಿಸಿ ಕೂರದೆ ಇಳಿದೇ ಬಂದರು. ಹಾರ ಇರಲಿಲ್ಲ, ಹಣೆಯ ಮೇಲೆ ಒಂದು ಪಟ್ಟಿ ಇತ್ತು.

"ಅಮ್ಮಾ, ಊರು ಕೈ ತಪ್ಪಿದೆ. ಹೊಸ ಹುಡುಗರನ್ನ ತಗೊಳ್ತಿದ್ದೀವಿ. ಈ ಸಲ ನೀಲಿ ಬಟ್ಟೆ. ತುಂಬಾ ತುರ್ತು. ನಿಮ್ಮಷ್ಟು ಸಮಯಕ್ಕೆ ಕೊಡೋ ಟೈಲರು ಊರಲ್ಲೇ ಇಲ್ಲ." ಡ್ರೈವರು ಥಾನುಗಳನ್ನು ತಂದು ಮೇಜಿನ ಮೇಲೆ, ಉದ್ದನ ಪಕ್ಕದಲ್ಲೇ ಇಟ್ಟ. ಸಾಹೇಬರು ಉದ್ದನ ಕಡೆ ನೋಡಿದರು, ಗುರುತು ಹತ್ತಲಿಲ್ಲ. "ಅಳತೆ ಗೊತ್ತಲ್ಲ, ಎಲ್ಲಾ ಒಂದೇ. ಯಾವಾಗ ಕೊಡ್ತೀರಾ?"

ನಾನು ಗುಂಡಿ ಡಬ್ಬದಿಂದ ಮುಖ ಎತ್ತಿ ಅಕ್ಕನನ್ನು ನೋಡಿದೆ. ಆಗುವುದಿಲ್ಲ ಅನ್ನಲು ಬಾರದ ಬಾಯಿ ಅವಳದು. ಅಕ್ಕ ಎದ್ದು ಬಂದು ನೀಲಿ ಬಟ್ಟೆಯ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಥಾನುಗಳನ್ನು ಒಂದೊಂದಾಗಿ ಎತ್ತಿ, ಆ ಕೂಸಿನ ಅಂಗಿ ವರ್ಷಗಟ್ಟಲೆ ಮಲಗಿದ್ದ ಅಟ್ಟದ ಮೇಲೆ, ಎಲ್ಲಕ್ಕಿಂತ ಹಿಂದೆ ತಳ್ಳಿದಳು. ಆಮೇಲೆ ಮಗನ ಮುರಿದ ಕೈಯನ್ನು ಮೆಲ್ಲಗೆ ತೋಳಿನೊಳಗೆ ತೂರಿಸುತ್ತ, ಸಾಹೇಬರ ಕಡೆ ತಿರುಗದೆಯೇ ಹೇಳಿದಳು.

"ನಾಳೆ ಬನ್ನಿ ಸಾರ್."