ಬೆರಳೆತ್ತಿದ ಗುರುತು

ಮತ್ತೆ ಅದೇ ಕೈಗಾಡಿಯ ಕಿರಕಿರ, ಚಕ್ರಕ್ಕೆ ಎಣ್ಣೆ ಹಾಕು ಅಂತ ಆ ಬೇಸಿಗೆಯೆಲ್ಲ ಹೇಳಿದ್ದೇ ಬಂತು, ಅವನು ಹಾಕಲಿಲ್ಲ, ಈಗ ಪಕ್ಕದ ಕೋಣೆಯ ಟಿವಿಯೊಳಗಿಂದ ಅದು ಕಿರುಗುಟ್ಟುವಾಗ ಹಾಕದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ — ಬ್ಲಾಂಕಾ ಅಣಬೆಯನ್ನು ತೆಳ್ಳಗೆ ಹೆಚ್ಚಿ ಬಟ್ಟೆಯ ಮೇಲೆ ಹರವುತ್ತಾಳೆ, ಕಿಟಕಿಯಲ್ಲಿ ಸೆಪ್ಟೆಂಬರಿನ ಬಿಸಿಲು, ಬೆರಳಿಗೆಲ್ಲ ಕಾಡಿನ ಮಣ್ಣಿನ ವಾಸನೆ, ಸುಖ ಅಂದರೆ ಇಷ್ಟೇ ಇರಬಹುದು, ಇಷ್ಟು ಇದ್ದರೆ ಸಾಕು ಕೂಡ — ಬಾಗಿಲು ಮುಚ್ಚುತ್ತಿದೆ, ಮುಂದಿನ ನಿಲ್ದಾಣ, ಪ್ಲಮ್ ಮರ! ಗಂಡ ಓತಾನ ಧ್ವನಿ, ಮನೆಯಲ್ಲೇ ತೆಗೆದ ವಿಡಿಯೊದೊಳಗಿನ, ಇಪ್ಪತ್ತು ವರ್ಷ ಹಿಂದಿನ ಓತಾ, ಬ್ರನೋ ಊರಿನ ಟ್ರಾಮ್ ಓಡಿಸುತ್ತಿದ್ದ ಓತಾ, ರಜೆಯಲ್ಲೂ ಡ್ಯೂಟಿ ಬಿಡದೆ ಮಗಳು ಯೊಹಾನ್ಕಾಳನ್ನು ಕೈಗಾಡಿಯಲ್ಲಿ ಕೂರಿಸಿ ಈ ಕುಟೀರದ ಅಂಗಳದ ಸುತ್ತ ಶಾಲಿನಾ ಓಡಿಸಿದವನು, ಬ್ರನೋದವರ ಬಾಯಲ್ಲಿ ಟ್ರಾಮ್ ಯಾವತ್ತೂ ಶಾಲಿನಾನೇ — ಚಿತ್ರ ಹಿಂದಕ್ಕೆ ಜಿಗಿಯಿತು, ಮತ್ತೆ ಕಿರಕಿರ, ಮತ್ತೆ ಬಾಗಿಲು ಮುಚ್ಚುತ್ತಿದೆ, ನೋಡೇ ಬ್ಲಾಂಕಾ, ಬೆಳಗ್ಗೆಯಿಂದ ಇದೇ ಆಯ್ತು, ನಂಗೆ ತಲೆ ಚಿಟ್ಟು ಹಿಡೀತಿದೆ ಅನ್ನುತ್ತಾಳೆ ಓತಾನ ಅಕ್ಕ ಅಲೇನಾ ಒಲೆಯ ಹತ್ತಿರದಿಂದ, ರಿಮೋಟಿನ ಆ ಹಿಂದಕ್ಕೆ ಹೋಗೋ ಬಟನ್ ಕಚ್ಕೊಂಡಿದೆ, ಇಲ್ಲ ಅವನೇ ಒತ್ತಿ ಹಿಡ್ಕೊಂಡು ಕೂತಿದಾನೆ, ಏನು ಒತ್ತಿದೀನಿ ಅಂತಾದ್ರೂ ಗೊತ್ತಿದ್ಯಾ ಅವನಿಗೆ — ಗೊತ್ತಿದೆಯಾ, ಅದೇ ತಾನೆ ಪ್ರಶ್ನೆ, ಚಳಿಗಾಲದಲ್ಲಿ ಲಕ್ವ ಹೊಡೆದ ಮೇಲೆ ಓತಾನ ಬಾಯಲ್ಲಿ ಉಳಿದದ್ದು ಒಂದೇ ಮಾತು, ಅದೇ ಅದೇ, ಕಾಫಿ ಬೇಕಾ, ಅದೇ ಅದೇ, ನೋವಿದೆಯಾ, ಅದೇ ಅದೇ, ಮಾತು ಕಲಿಸುವ ಟೀಚರಮ್ಮ ಮೊನ್ನೆ ಹೇಳಿದ್ದಳು, ಅವರ ಕಡೆಯಿಂದ ಪ್ರಯತ್ನವೇ ಇಲ್ಲ ಮೇಡಂ, ಮನೇಲಾದ್ರೂ ಮಾಡ್ತಿದಾರೆ ಅಂತ ನೀವು ಹೇಳೋ ಹಾಗಿದ್ರೆ ಮುಂದುವರಿಸೋಣ, ಇಲ್ಲಾಂದ್ರೆ ಸೋಮವಾರದಿಂದ ಆ ಹೊತ್ತನ್ನ ಬೇರೆಯವರಿಗೆ ಕೊಡ್ತೀನಿ, ಸುಳ್ಳು ಹೇಳಬಹುದಿತ್ತು, ಬ್ಲಾಂಕಾಳಿಗೆ ಸುಳ್ಳು ಬರುವುದಿಲ್ಲ, ಅಲೇನಾ ಆಗಲೇ ಅವನನ್ನು ಸೇರಿಸಲು ಆಶ್ರಮವೊಂದನ್ನು ನೋಡಿ ಬಂದಿದ್ದಾಳೆ, ತೋಟ ಇದೆಯಂತೆ, ಬಾತುಕೋಳಿ ಇವೆಯಂತೆ, ಇರಲಿ, ಅಕ್ಕ ಕೆಟ್ಟವಳಲ್ಲ, ತಮ್ಮನನ್ನು ಹಾಗೆ ನೋಡಲಾರಳು ಅಷ್ಟೆ.

ಬಟನ್ ಕಚ್ಚಿಕೊಂಡಿಲ್ಲ, ನಿನ್ನೆ ತಾನೇ ರಿಮೋಟ್ ಬಿಚ್ಚಿ ಸ್ಲಿವೊವಿತ್ಸೆಯಲ್ಲಿ ಹತ್ತಿ ಅದ್ದಿ ಒರೆಸಿದ್ದಾಳೆ, ಪ್ಲಮ್ ಹೆಂಡ ದಂಡ ಮಾಡ್ತೀಯಲ್ಲೇ ಅಂತ ಅಲೇನಾ ಬಾಯಿ ಬಾಯಿ ಬಡಿದುಕೊಂಡಳು, ಒರೆಸಿ ಮುಗಿಸಿ ಬ್ಲಾಂಕಾ ರಿಮೋಟಿನ ಮೂತಿಯನ್ನು ಫೋನಿನ ಕ್ಯಾಮೆರಾಕ್ಕೆ ಹಿಡಿದು ಒತ್ತಿದಳು, ಕಣ್ಣಿಗೆ ಕಾಣದ ಬೆಳಕು ಫೋನಿನಲ್ಲಿ ಕಾಣುತ್ತದೆ, ನೇರಳೆ ಚುಕ್ಕೆ, ಚೊಕ್ಕವಾಗಿ ಹೊತ್ತಿ ಆರಿತು — ಹಿಂದೆ ಓತಾನಿಗೂ ತೋರಿಸಿದ್ದಳು, ಕೈಗಾಡಿಯ ಚಿತ್ರ ತೆಗೆದ ಆ ಹಳೇ ಕ್ಯಾಮೆರಾದಲ್ಲೇ, ಅವನು ನಂಬಲಿಲ್ಲ, ರಿಮೋಟನ್ನು ತಿರುಗಿಸಿ ಮುರುಗಿಸಿ ನೋಡಿದ, ಕಳ್ಳನನ್ಮಗ, ಇಷ್ಟು ದಿನ ಮಾತಾಡ್ತಾನೇ ಇದ್ದ ಕಣೇ ಇವನು, ನಮಗೇ ಕಾಣ್ತಿರಲಿಲ್ಲ ಅಂತ ಹೊಟ್ಟೆ ಹಿಡಿದುಕೊಂಡು ನಕ್ಕ — ಬ್ರನೋ ಮನೆಗೆ ಬೇಡವಾದದ್ದೆಲ್ಲ ಈ ಕುಟೀರಕ್ಕೆ ಬಂದು ಬೀಳುತ್ತದೆ, ಆ ಸೋಫಾ, ಆ ಟಿವಿ, ಆ ರಿಮೋಟ್, ಟಿವಿಯ ಬೆನ್ನಿಗೆ ಅವಳೇ ಕಟ್ಟಿದ ಪುಟ್ಟ ಕಂಪ್ಯೂಟರ್, ರಿಮೋಟಿನ ಬೆಳಕು ಹಿಡಿಯಲು ಅದಕ್ಕೊಂದು ಕೆಂಪು ಕಣ್ಣು, ಆ ಕಣ್ಣು ಕಂಡದ್ದನ್ನು ಅರ್ಥಮಾಡಿಕೊಳ್ಳುವ ಕೋಡಿನ ಸಾಲುಗಳನ್ನೂ ಅವಳೇ ಬರೆದದ್ದು, ಲೋಕದವರೆಲ್ಲ ಬಳಸುವ ಆಪರೇಟಿಂಗ್ ಸಿಸ್ಟಮ್ಮಿನ ಒಂದು ಮೂಲೆಯಲ್ಲಿ ಕೂತಿವೆ, ಇಷ್ಟು ಹಳೇ ರಿಮೋಟ್ ಈಗ ಯಾರು ಬಳಸ್ತಾರೆ ಮೇಡಂ, ಅಳಿಸಿಬಿಡೋಣ್ವಾ ಅಂತ ಹೋದ ವರ್ಷ ಆ ಸಿಸ್ಟಮ್ಮಿನ ಕೆಲಸ ಮಾಡುವ ಯಾವನೋ ಕೇಳಿದ್ದ, ನಮ್ಮನೇಲಿ ಬಳಸ್ತಾರೆ ಕಣಪ್ಪಾ ಅಂತ ಬರೆದಳು, ಅಳಿಸಲಿಲ್ಲ — ಮತ್ತೆ ಜಿಗಿಯಿತು, ಮತ್ತೆ ಕಿರಕಿರ.

ನೋಡಿಯೇ ಬಿಡೋಣ, ಕೈ ಒರೆಸಿಕೊಂಡು ಲ್ಯಾಪ್‌ಟಾಪ್ ಎಳೆದುಕೊಂಡಳು, ಟಿವಿ ಬೆನ್ನಿನ ಕಂಪ್ಯೂಟರಿನೊಳಗೆ ಇಲ್ಲಿಂದಲೇ ಇಣುಕಬಹುದು, ಕಣ್ಣು ಕಂಡದ್ದೆಲ್ಲ ತೆರೆಯ ಮೇಲೆ ಇಳಿಯುತ್ತಿದೆ, ಬೆಳಕು ಇಷ್ಟು ಹೊತ್ತು, ಕತ್ತಲು ಇಷ್ಟು ಹೊತ್ತು, ಬೆಳಕು, ಕತ್ತಲು, ಮೊದಲು ಇಲ್ಲಿಂದ ಶುರು ಅನ್ನುವ ಹೊಸಿಲಿನ ಗುರುತು, ಆಮೇಲೆ ಬೆರಳಿನ ಗುರುತು, ಆಮೇಲೆ ಯಾವ ಬಟನ್ ಅಂತ — ಬೆರಳಿನ ಗುರುತು ಅಂತ ಅವಳೇ ಇಟ್ಟ ಹೆಸರು, ಸೊನ್ನೆ ಇಲ್ಲವೇ ಒಂದು, ಬಟನ್ ಒತ್ತಿಯೇ ಹಿಡಿದಿದ್ದರೆ ಅದು ಬದಲಾಗುವುದಿಲ್ಲ, ಕಚ್ಚಿಕೊಂಡಿದ್ದರೂ ಬದಲಾಗುವುದಿಲ್ಲ, ಬೆರಳೆತ್ತಿ ಹೊಸದಾಗಿ ಒತ್ತಿದರೆ ಮಾತ್ರ ಸೊನ್ನೆ ಹೋಗಿ ಒಂದು, ಒಂದು ಹೋಗಿ ಸೊನ್ನೆ — ಸೊನ್ನೆ. ಕಾಯುತ್ತಾಳೆ, ಕಿರಕಿರ, ಪ್ಲಮ್ ಮರ, ಒಂದು. ಅಯ್ಯೋ. ಸೊನ್ನೆ. ಒಂದು. ಕೊಳೆಯಿಂದ ಹೀಗಾಗುತ್ತಿದ್ದರೆ ಹೊತ್ತುಗೊತ್ತಿಲ್ಲದೆ ಪಟಪಟ ಬರಬೇಕಿತ್ತು, ಇದು ಹಾಗಲ್ಲ, ಒಂದೇ ಅಂತರ, ಆ ಒಂದು ವಾಕ್ಯ ಮುಗಿಯಬೇಕು, ಮೇಲೆ ಒಂದಿಷ್ಟು ಸುಮ್ಮನೆ, ಆಮೇಲೆ ಒತ್ತು, ವಾಕ್ಯ, ಸುಮ್ಮನೆ, ಒತ್ತು — ಆ ಸುಮ್ಮನೆಯಲ್ಲಿ ಏನು ಮಾಡುತ್ತಾನೆ ಇವನು? ಕಂಬಳಿಯ ಮೇಲೆ ರಿಮೋಟ್, ರಿಮೋಟಿನ ಮೇಲೆ ಎಡಗೈ ಹೆಬ್ಬೆರಳು, ಬೆಳಗ್ಗೆಯಿಂದ ಅಲ್ಲೇ ಇದೆ, ನೋಡಿದವರಿಗೆ ಅಲುಗಿದ ಹಾಗೆ ಕಾಣುವುದಿಲ್ಲ, ಆದರೆ ಎತ್ತುತ್ತಿದ್ದಾನೆ, ಪ್ರತಿ ಸಲ ಎತ್ತುತ್ತಿದ್ದಾನೆ, ಬೇಕು ಅಂತಲೇ ಒತ್ತುತ್ತಿದ್ದಾನೆ, ಕಣ್ಣು ತುಂಬಿತು, ಅಣಬೆ ಹೆಚ್ಚಿದ ಕೈ ಅಂತ ನೆನಪಿಲ್ಲದೆ ಒರೆಸಿಕೊಂಡರೆ ಇನ್ನಷ್ಟು ತುಂಬಿತು, ಅಕ್ಕಾ, ಬಾ ಇಲ್ಲಿ, ಮೆತ್ತಗೆ ಬಾ, ಏನಾಯ್ತೇ, ಶ್, ಮಾತಾಡ್ಬೇಡ.

ಇಬ್ಬರೂ ಬಾಗಿಲ ಸಂದಿಯಲ್ಲಿ, ಅಲೇನಾಳ ಕೈಯಲ್ಲಿ ಸೌಟು ಹಾಗೇ ಇದೆ, ತೊಟ್ಟಿಕ್ಕುತ್ತಿದೆ, ಓತಾನ ಬೆನ್ನು ಕಿಟಕಿಯ ಕಡೆಗೆ, ಪಕ್ಕಮುಖ ಇವರ ಕಡೆಗೆ, ಬ್ಲಾಂಕಾ ಫೋನ್ ಎತ್ತಿ ಹಿಡಿದಳು, ತೆರೆಯಲ್ಲಿ ಕಂಬಳಿ, ಹೆಬ್ಬೆರಳು, ರಿಮೋಟಿನ ತುದಿ — ನೇರಳೆ ಚುಕ್ಕೆ. ಆರಿತು. ಕೈಗಾಡಿ ಕಿರುಗುಟ್ಟಿತು, ಬಾಗಿಲು ಮುಚ್ಚುತ್ತಿದೆ, ಮುಂದಿನ ನಿಲ್ದಾಣ, ಪ್ಲಮ್ ಮರ, ಟಿವಿಯೊಳಗೆ ಯೊಹಾನ್ಕಾ ಕಿಲಕಿಲ ನಕ್ಕಳು, ಈಗ ಆ ಸುಮ್ಮನೆ, ಅವನ ತುಟಿ ಗುಂಡಗಾಯಿತು, ಒಂದೇ ಪಕ್ಕ, ಕುತ್ತಿಗೆಯ ನರ ಬಿಗಿಯಿತು, ಮ್, ಮ್, ಸದ್ದಿಲ್ಲ, ಚುಕ್ಕೆ ಹೊತ್ತಿತು, ಆರಿತು, ಕಿರಕಿರ, ಮುಂದಿನ ನಿಲ್ದಾಣ, ಮ್, ಮುಂ, ಏನಂದ ಅವನು, ಏನಂದ ಬ್ಲಾಂಕಾ, ಅಲೇನಾಳ ಉಗುರು ತೋಳಿಗೆ ನಾಟುತ್ತಿದೆ, ನಾಟಲಿ, ಸೋಮವಾರ ಟೀಚರಮ್ಮನಿಗೆ ಏನು ಹೇಳಬೇಕು ಅಂತ ಗೊತ್ತಾಯಿತು, ಸುಳ್ಳು ಬೇಕಾಗಿಲ್ಲ, ಬಾತುಕೋಳಿಗಳು ಅವರ ತೋಟದಲ್ಲೇ ಇರಲಿ, ಅಣಬೆಗೆ ನೊಣ ಕೂತಿರಬಹುದು, ಕೂರಲಿ, ಮುಂ, ಮುಂ, ಮುಂದಿ — ಹೆಬ್ಬೆರಳು ಎದ್ದಿತು, ಒತ್ತು ಓತಾ, ಒತ್ತು, ಚುಕ್ಕೆ, ನೇರಳೆ ಚುಕ್ಕೆ, ಆರಿತು, ಈಗ, ಈಗ ಹೊತ್ತುತ್ತದೆ, ಹೊತ್ತಿತು.