ಇಂಜಿನ್ ಸೊಂಟ

ನಾಗಪುರದ ಅಜನಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ರುದ್ರಪ್ಪನಿಗೆ ಬೆಳಗು ಒಮ್ಮೆಲೇ ಆಗುತ್ತಿರಲಿಲ್ಲ, ತುಂಡು ತುಂಡಾಗಿ ಆಗುತ್ತಿತ್ತು. ಮೊದಲು ಎಚ್ಚರವಾಗುತ್ತಿತ್ತು, ಆಮೇಲೆ ಕೈಗಳಿಗೆ ಜೀವ ಬರುತ್ತಿತ್ತು. ಸೊಂಟ ಮಾತ್ರ ಮಾಟಗಾತಿಯ ಶಾಪಕ್ಕೆ ಕಲ್ಲಾದ ರಾಜಕುಮಾರನ ಹಾಗೆ ಮಂಚದ ಮೇಲೆಯೇ ಬಿದ್ದಿರುತ್ತಿತ್ತು. ಅದನ್ನು ಎಬ್ಬಿಸಲು ಅವನು ಮಗ್ಗುಲಿಗೆ ಹೊರಳಿ, ಗೋಡೆ ಹಿಡಿದು, ಹಲ್ಲು ಕಚ್ಚಬೇಕಾಗುತ್ತಿತ್ತು. ಇವತ್ತು ಸೊಂಟದ ಜೊತೆಗೆ ಎಡಗಣ್ಣೂ ಇತ್ತು. ರೆಪ್ಪೆ ತೆರೆದರೆ ಕಿಟಕಿಯ ತೆಳು ಬೆಳಕು ಸೂಜಿಯಾಗಿ ಒಳಗೆ ಇಳಿಯುತ್ತಿತ್ತು.

"ಏಳಬ್ಯಾಡ್ರಿ, ಇನ್ನೊಂದೀಟು ಮಲಕೋರಿ," ಎಂದಳು ಹೆಂಡತಿ ಕಲಾವತಿ, ಬಿಸಿ ಉಪ್ಪಿನ ಗಂಟು ತಂದು. "ಎಷ್ಟ ದಣೀತೀರಿ. ಡ್ಯೂಟಿ ಇಲ್ದಾಗ ನೀವು ಹಾಸಿಗಿ ಬಿಟ್ಟ ಕೆಳಗ ಇಳೀಬಾರದು ಅಂತ ನಾ ಬಡಕೊಳ್ಳೂದು."

"ಮಲಗಿದ್ರನ ಹೆಚ್ಚ ಆಗತೈತಿ ಅನಸತೈತಿ."

"ಮಲಗಿದ್ರ ಯಾರಿಗರೆ ನೋವು ಹೆಚ್ಚ ಆಗತೈತೇನ್ರಿ? ಜಗತ್ತಿನ್ಯಾಗ ಇಲ್ಲದ್ದು!"

ಜಗತ್ತಿನ ಮಾತು ಹೋಗಲಿ, ಅಜನಿಯಲ್ಲಂತೂ ಇಲ್ಲದ್ದೇ. ರೈಲು ಓಡಿಸುವವರಲ್ಲಿ ಸೊಂಟ ನೋವಿಲ್ಲದವನು ಯಾರು? ಆ ಸೀಟು, ಆ ಕುಲುಕಾಟ, ಆ ಹಳಿ. ಕ್ವಾರ್ಟರ್ಸಿನ ಕಟ್ಟೆಯ ಮೇಲೆ ನಾಲ್ಕು ಜನ ಲೋಕೋ ಪೈಲಟರು ಕೂತರೆ ಮಾತು ಸೊಂಟದಿಂದಲೇ ಶುರುವಾಗುತ್ತಿತ್ತು. ಅದಕ್ಕೆ ಹೆಸರೂ ಇತ್ತು: ಇಂಜಿನ್ ಸೊಂಟ. ಕೆಲಸದ ಜೊತೆ ಬರುತ್ತದೆ, ಪಿಂಚಣಿಯ ಜೊತೆ ಹೋಗುತ್ತದೆ ಎಂದು ನಗುತ್ತಿದ್ದರು. ರುದ್ರಪ್ಪನೂ ನಕ್ಕಿದ್ದ. ಮೂವತ್ತು ದಾಟುವ ಮೊದಲೇ ಹಿಡಿದ ನೋವು ನಲವತ್ತು ದಾಟಿದರೂ ಬಿಡದಿದ್ದಾಗ, ನಗುವುದು ಮಾತ್ರ ನಿಂತಿತ್ತು.

ಬರೀ ಆ ನಗುವಷ್ಟೇ ಅಲ್ಲ. ಮೊದಲು ಊಟಕ್ಕೆ ಕೂತರೆ ಮಗಳು ಅಪೂರ್ವಳಿಗೆ ಒಗಟು ಹೇಳುತ್ತಿದ್ದವನು ಈಗ ಅವಳ ಪೆನ್ಸಿಲ್ ಕೆಳಗೆ ಬಿದ್ದ ಸದ್ದಿಗೇ ಸಿಡಿಯುತ್ತಿದ್ದ. ಬೈದ ಮೇಲೆ ತಾನೇ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನಿಲ್ಲುತ್ತಿದ್ದ. ತಲೆಯೊಳಗೆ ಒದ್ದೆ ಹತ್ತಿ ತುಂಬಿದಂತೆ, ಯಾವ ಮಾತೂ ತಡವಾಗಿ ತಲುಪುತ್ತಿತ್ತು. ನಡುರಾತ್ರಿ ಕಳೆದ ಮೇಲೆ ನೋವು ಅವನನ್ನು ಎಬ್ಬಿಸಿ ಕೂರಿಸುತ್ತಿತ್ತು. ಆಗ, ತಾನು ಯಾರಿಗೂ ಬೇಡದ ಹಳೆ ಸಾಮಾನು ಎಂಬ ಯೋಚನೆ ಬಂದು ಪಕ್ಕದಲ್ಲಿ ಕೂರುತ್ತಿತ್ತು. ಕಲಾವತಿ ಅಮಾವಾಸ್ಯೆಗೊಮ್ಮೆ ದೃಷ್ಟಿ ತೆಗೆದು ಮೆಣಸಿನಕಾಯಿ ಸುಟ್ಟಳು. ಮೆಣಸಿನಕಾಯಿ ಘಾಟು ಹೊಡೆಯಲಿಲ್ಲ, ದೃಷ್ಟಿ ತಾಗಿದ್ದಕ್ಕೆ ಅದೇ ಸಾಕ್ಷಿ ಎಂದಳು. ಗಂಡನ ಮುಖದಲ್ಲಿ ಮಾತ್ರ ಗೆಲುವು ಬರಲಿಲ್ಲ.

"ಕಣ್ಣ ಬಂದೈತಿ ನಿಮಗ," ಎಂದಳು ಅವಳು ಇವತ್ತು, ಅವನ ಕೆಂಪಾದ ಕಣ್ಣು ನೋಡಿ. "ಹೋದ ವರ್ಷ ಬಂದಿತ್ತಲ್ಲ, ಹಂಗ. ರಜಾ ಹಾಕ್ರಿ."

"ಕಣ್ಣಿನ ಸುದ್ದಿ ಹೇಳಿ ರಜಾ ಹಾಕಿದ್ರ ನೇರ ಮೆಡಿಕಲ್‌ಗೆ ಕಳಸ್ತಾರ. ಕಣ್ಣಿನ ಪರೀಕ್ಷಾದಾಗ ಬಿದ್ದೆ ಅಂದ್ರ ಇಂಜಿನ್‌ನಿಂದ ಇಳಿಸಿ, ಎಲ್ಲೋ ಒಂದ ಆಫೀಸಿನ ಮೂಲ್ಯಾಗ ಕೂಡಸ್ತಾರ. ಕೂಡಾಕ ಬರ್ತೈತೇನ ನನಗ?"

ಇಂಜಿನ್ನೊಂದೇ ಅವನಿಗೆ ಉಳಿದಿದ್ದ ಜಾಗ. ಅಲ್ಲಿ ಅವನು ಯಾರಿಗೋ ಬೇಕಾದವನಾಗಿದ್ದ. ಕೆಂಪು ತೆಗೆಯುವ ಹನಿ ಕಣ್ಣಿಗೆ ಬಿಟ್ಟುಕೊಂಡು, ಎರಡು ನೋವಿನ ಗುಳಿಗೆ ನುಂಗಿ, ಕಪ್ಪು ಕನ್ನಡಕ ಕಿಸೆಗೆ ಹಾಕಿ ಹೊರಟ. ಹಾಜರಿ ಹಾಕುವಲ್ಲಿ ಎಲ್ಲ ಸರಿಯಿದೆಯೇ ಎಂದು ಕೇಳಿದಾಗ, "ಏಕದಂ ಬರೋಬರ್," ಎಂದ.

ಚಂದ್ರಪುರದ ಕಡೆಯಿಂದ ಬಂದ ಕಲ್ಲಿದ್ದಲಿನ ಗಾಡಿ. ಅದನ್ನು ಮೌದಾದ ವಿದ್ಯುತ್ ಸ್ಥಾವರಕ್ಕೆ ಮುಟ್ಟಿಸಬೇಕು. ಸಹಾಯಕ ಪೈಲಟ್ ಯಶಸ್ವಿನಿ ಆಗಲೇ ಇಂಜಿನ್ ಹತ್ತಿ ಕೂತಿದ್ದಳು. ಧಾರವಾಡದ ಹುಡುಗಿ. ನಾಗಪುರಕ್ಕೆ ಬಂದ ಹೊಸದರಲ್ಲಿ ಕಲಾವತಿಯ ರೊಟ್ಟಿ ಉಂಡೇ ಊರಿಗೆ ಒಗ್ಗಿಕೊಂಡವಳು.

"ಅಯ್ಯ, ಕಾಕಾ ಇವತ್ತ ಹೀರೋ!" ಎಂದಳು ಅವನು ಹಾಕಿಕೊಂಡ ಕನ್ನಡಕ ನೋಡಿ. "ಕಲಾವತಿ ಕಾಕೂಗ ಗೊತ್ತೈತಿಲ್ಲೋ?"

"ಡ್ಯೂಟಿ ಮ್ಯಾಲ ಸರ್ ಅನ್ನು."

ಅವಳ ನಗು ಅಲ್ಲಿಗೇ ನಿಂತಿತು. "ಆತ್ರಿ, ಸರ್."

ಗಾಡಿ ಹೊರಟಿತು. ಕಳಮನಾ ತನಕ ಊರಿನ ಕಟ್ಟಡಗಳ ನೆರಳು ಅವನನ್ನು ಕಾಪಾಡಿತು. ಮಾರುಕಟ್ಟೆಯ ಅಂಗಳದಲ್ಲಿ ಕೆಂಪು ಮೆಣಸಿನಕಾಯಿಯ ರಾಶಿ, ಚೀಲ ಹೊರುವವರ ಗದ್ದಲ ಹಿಂದೆ ಸರಿದದ್ದೇ ಹಳಿ ಪೂರ್ವಕ್ಕೆ ತಿರುಗಿತು. ಎದುರಿಗೆ ಸೂರ್ಯ.

ಬೆಳಕು ಚುಚ್ಚಿದ್ದು ಎಡಗಣ್ಣಿಗೆ, ನೀರು ಸುರಿದದ್ದು ಎರಡರಲ್ಲೂ; ಬಲಗಣ್ಣನ್ನೂ ತೆರೆದಿಡಲಾಗಲಿಲ್ಲ. ಹಳಿ, ಕಂಬ, ತಂತಿ ಎಲ್ಲ ಸೇರಿ ಒಂದೇ ಬಿಳಿ ಹೊಗೆ. ಇಂಜಿನ್ನಿನಲ್ಲಿ ಒಂದು ಕಟ್ಟಳೆಯಿದೆ: ಸಿಗ್ನಲ್ ಕಂಡೊಡನೆ ಅದರ ಬಣ್ಣವನ್ನು ಇಬ್ಬರೂ ಕೈಯೆತ್ತಿ, ಗಟ್ಟಿಯಾಗಿ, ಒಬ್ಬರ ನಂತರ ಒಬ್ಬರು ಕೂಗಬೇಕು. ಒಬ್ಬರ ಕಣ್ಣು ತಪ್ಪಿದರೆ ಇನ್ನೊಬ್ಬರ ಕಣ್ಣು ಹಿಡಿಯಲಿ ಎಂದು.

"ಹಸಿರು!" ಎಂದು ಕೂಗಿದಳು ಯಶಸ್ವಿನಿ.

"ಹಸಿರು," ಎಂದ ರುದ್ರಪ್ಪ, ಕೈಯೆತ್ತಿ.

ಮತ್ತೊಂದು ಕಂಬ. ಮತ್ತೆ ಅವಳ ದನಿ, ಅದರ ಬಾಲ ಹಿಡಿದು ಅವನ ದನಿ. ಕುರುಡ ಕೋಲು ಹಿಡಿದು ನಡೆದಂತೆ ಅವನು ಅವಳ ದನಿ ಹಿಡಿದು ಗಾಡಿ ನಡೆಸುತ್ತಿದ್ದ. ಬೆನ್ನಿಗೆ ಸಾವಿರಾರು ಟನ್ ಕಲ್ಲಿದ್ದಲು. ಇನ್ನೊಂದಿಷ್ಟು ದೂರ, ಆಮೇಲೆ ಹಳಿ ಹೊರಳುತ್ತದೆ, ಸೂರ್ಯ ಮೇಲೇರುತ್ತಾನೆ ಎಂದು ತನಗೆ ತಾನೇ ಹೇಳಿಕೊಂಡ.

ಒಂದು ತಿರುವಿನಲ್ಲಿ ಯಶಸ್ವಿನಿ ಕಿಟಕಿಯಿಂದ ಹಿಂದೆ ಬಾಗಿ ಗಾಡಿಯ ಉದ್ದಕ್ಕೂ ಕಣ್ಣು ಹಾಯಿಸಿದಳು. ಅದೂ ಅವಳ ಕೆಲಸವೇ. ತಲೆ ಒಳಗೆ ಎಳೆದುಕೊಂಡಾಗ ಒಂದು ಹಸಿರು ಸಿಗ್ನಲ್ ಇಂಜಿನ್ನಿನ ಪಕ್ಕದಲ್ಲೇ ಸರಿದುಹೋಗುತ್ತಿತ್ತು. ಯಾರೂ ಕೂಗಿರಲಿಲ್ಲ.

ಅವಳು ರುದ್ರಪ್ಪನ ಮುಖ ನೋಡಿದಳು. ಕನ್ನಡಕದ ಕೆಳಗಿಂದ ನೀರು ಇಳಿದು ಗಲ್ಲದ ತುದಿಗೆ ಮುಟ್ಟಿತ್ತು.

"ಸರ್, ಅದು ಹೋತಲ್ರಿ. ಕೂಗಲಿಲ್ಲ ನೀವು?"

"ಕೂಗಿದೆ. ಗದ್ದಲದಾಗ ನಿನಗ ಕೇಳಿಲ್ಲ."

ಅವಳು ತನ್ನ ಸೀಟಿನಿಂದ ಎದ್ದು ನಿಂತದ್ದು ಅವನಿಗೆ ಗೊತ್ತಾಯಿತು. ಅವಳ ಬದಿಯ ತುರ್ತು ಬ್ರೇಕಿನ ಮೇಲೆ ಅವಳ ಕೈ ಹೋದದ್ದೂ, ಬಳೆಯ ಸದ್ದಿನಿಂದ, ಗೊತ್ತಾಯಿತು. ಮುಂದೆ ಎಲ್ಲೋ ಒಂದು ಕಂಬ ಬರಬೇಕಿತ್ತು. ಬಂದಿದೆಯೋ? ಬಿಳಿ ಹೊಗೆಯಲ್ಲಿ ಒಂದು ಕಪ್ಪು ಗೀರು. ಅದರ ತುದಿಯಲ್ಲಿ ಏನೂ ಇಲ್ಲ.

ಅವಳು ಕೂಗಲಿಲ್ಲ.

"ಯಶೂ?"

"ಈ ಸಲ ನೀವ ಮೊದಲ ಹೇಳ್ರಿ."

"ಆಟ ಆಡ್ತೀಯೇನ? ಕೂಗು!"

"ನಿಮಗ ಕಂಡಿದ್ದ ಹೇಳ್ರಿ ಸರ್. ಜಲ್ದಿ. ಇಲ್ಲಾಂದ್ರ ನಾ ಎಳೀತೀನಿ."

ಬೆಳಗಿನಿಂದ ಹಸಿರೇ ಸಿಕ್ಕಿತ್ತು. ಇದೂ ಹಸಿರೇ ಇರಬಹುದು. ನಾಲಿಗೆಯ ತುದಿಗೆ ಆ ಮಾತು ಬಂದು ಕೂತಿತ್ತು. ಹೇಳಿಬಿಟ್ಟರೆ, ಅದು ನಿಜವೂ ಆಗಿಬಿಟ್ಟರೆ, ಇಂಜಿನ್ ಉಳಿಯುತ್ತದೆ. ಹುಡುಗಿ ಬಾಯಿ ಮುಚ್ಚುತ್ತಾಳೆ. ಅವನು ಬಾಯಿ ತೆರೆದ. 'ಹ' ಎಂಬ ಉಸಿರಷ್ಟೇ ಬಂತು. ಆ ಕ್ಷಣದಲ್ಲಿ ಅವನಿಗೆ ತನ್ನ ಬಗ್ಗೆಯೇ ಹೆದರಿಕೆಯಾಯಿತು, ಮನೆಯೊಳಗೆ ಅಪರಿಚಿತನನ್ನು ಕಂಡಷ್ಟು. ಅವನ ಕೈ ಬ್ರೇಕನ್ನು ಎಳೆಯಿತು.

ಚಕ್ರಗಳು ಕಿರುಚಿದವು. ಒಂದರ ಹಿಂದೊಂದು ವ್ಯಾಗನ್ನು ಗುದ್ದಿಕೊಂಡು ಆ ಗುದ್ದು ಅವನ ಬೆನ್ನೆಲುಬಿನ ತನಕ ಬಂತು. ಬಹಳ ಹೊತ್ತಿನ ಮೇಲೆ ಗಾಡಿ ನಿಂತಿತು.

"ನನಗ ಕಾಣಸವಲ್ದು," ಎಂದ ರುದ್ರಪ್ಪ.

ಯಶಸ್ವಿನಿ ಬ್ರೇಕಿನಿಂದ ಕೈ ತೆಗೆದಳು. "ಹಳದಿ ಇತ್ರಿ ಕಾಕಾ. ಅಲ್ಲಿ ಮುಂದ ಕೆಂಪು. ಅದರಾಚೆ ಇನ್ನೊಂದ ಗೂಡ್ಸ್ ನಿಂತೈತಿ." ತುಸು ತಡೆದು, ಅಳುವ ದನಿಯಲ್ಲಿ ಬೈದಳು. "ಅಪೂರ್ವನ ನೆನಪರೆ ಬರಲಿಲ್ಲೇನ್ರಿ ನಿಮಗ?"

ಅವನು ಫೋನಿನಲ್ಲಿ ಕಂಟ್ರೋಲ್ ರೂಮಿಗೆ, ಪೈಲಟಿಗೆ ಆರಾಮಿಲ್ಲ, ಬೇರೆಯವರನ್ನು ಕಳಿಸಿ ಎಂದಷ್ಟೇ ಹೇಳಿದ. ಎಷ್ಟು ಹೊತ್ತಿನಿಂದ ಆರಾಮಿಲ್ಲ ಎಂದು ಅವರು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರು ಯಂತ್ರದೊಳಗಿಂದ ಅವನ ಕಣ್ಣನ್ನು ಬಹಳ ಹೊತ್ತು ನೋಡಿದರು. ನಡುವಯಸ್ಸಿನ ಮರಾಠಿ ಹೆಂಗಸು. ಹಿಂದಿಯಲ್ಲಿ ಮಾತಾಡುತ್ತಿದ್ದರು. ಅವರ ಮೊದಲ ಪ್ರಶ್ನೆ ಕಣ್ಣಿನದ್ದಾಗಿರಲಿಲ್ಲ.

"ಬೆಳಗ್ಗೆ ಏಳುವಾಗ ಸೊಂಟ ಹಿಡಿದಿರುತ್ತದೆಯೇ?"

ರುದ್ರಪ್ಪ ಬೆಚ್ಚಿದ. ಓಡಿ ಬಂದಿದ್ದ ಕಲಾವತಿ ಅವನ ಪರವಾಗಿ ಹೇಳಿದಳು, ಅರ್ಧ ಹಿಂದಿ, ಅರ್ಧ ಗದಗಿನ ಮಾತು. "ಅದು ಇಂಜಿನ್ ಕಾ ಕಮರ್ ಹೈ, ಮೇಡಮ್. ಎಲ್ಲಾ ಡ್ರೈವರ್‌ಗೂ ಇರತೈತಿ."

"ಮಲಗಿದರೆ ಕಡಿಮೆಯಾಗುತ್ತದೋ, ಓಡಾಡಿದರೆ ಕಡಿಮೆಯಾಗುತ್ತದೋ?"

"ಓಡಾಡಿದರೆ," ಎಂದ ರುದ್ರಪ್ಪ ಮೆಲ್ಲಗೆ.

"ಸೀಟಿನಿಂದ ಬಂದ ನೋವು ವಿಶ್ರಾಂತಿಗೆ ಕರಗುತ್ತದೆ. ನಿಮ್ಮದು ವಿಶ್ರಾಂತಿಯಲ್ಲೇ ಹೆಚ್ಚುತ್ತಿದೆ. ಇದು ಉರಿಯೂತ ಇರಬೇಕು. ಗಾಯವಾದಾಗ ಊದಿ ಕೆಂಪಾಗುತ್ತದಲ್ಲ, ಅದು ನಮ್ಮನ್ನು ಕಾಯುವ ಬೆಂಕಿ. ಕೆಲವರ ಮೈಯಲ್ಲಿ ಗಾಯವಿಲ್ಲದೆಯೂ ಅದು ಆರುವುದಿಲ್ಲ. ಬೆನ್ನುಮೂಳೆಯ ಕೀಲುಗಳಲ್ಲಿ ಉರಿಯುತ್ತದೆ, ಕೆಲವೊಮ್ಮೆ ಕಣ್ಣಿನೊಳಗೂ. ರಕ್ತ ಪರೀಕ್ಷೆ, ಎಂಆರ್‌ಐ ಆಗಲಿ. ಕೀಲುವಾತದ ತಜ್ಞರು ನೋಡಿ ಖಚಿತ ಮಾಡುತ್ತಾರೆ."

ರುದ್ರಪ್ಪನಿಗೆ ಕಂಡದ್ದು ಒಂದು ಕೋಟೆ. ಕಳ್ಳರು ಓಡಿಹೋಗಿ ಎಷ್ಟೋ ಕಾಲವಾಗಿದೆ, ಕಾವಲುಗಾರರಿಗೆ ಅದನ್ನು ಯಾರೂ ಹೇಳಿಲ್ಲ. ಅವರು ಪಂಜು ಹಿಡಿದು ಹುಡುಕುತ್ತ ಹುಡುಕುತ್ತ ತಾವು ಕಾಯಬೇಕಾದ ಮನೆಗಳಿಗೇ ಕಿಚ್ಚು ತಾಗಿಸುತ್ತಿದ್ದಾರೆ.

"ಮನಸ್ಸು ಹೇಗಿದೆ?" ಎಂದರು ಡಾಕ್ಟರು.

"ಮನಸ್ಸಿಗೂ ಇದಕ್ಕೂ ಏನು ಸಂಬಂಧ?"

"ಮೈ ಹಗಲಿರುಳು ಯುದ್ಧದಲ್ಲಿದ್ದರೆ ಅದರ ಸುದ್ದಿ ಮೆದುಳಿಗೂ ಹೋಗುತ್ತದೆ. ದಣಿವು, ಮಂಕು, ಸಿಟ್ಟು, ಯಾರೂ ಬೇಡ ಅನ್ನಿಸುವುದು. ಅದರ ಮೇಲೆ ನಿದ್ದೆಗೇಡು. ಎಲ್ಲರಿಗೂ ಹೀಗೇ ಆಗುತ್ತದೆ ಎನ್ನಲಾರೆ. ಆಗಿದ್ದರೆ ಅದಕ್ಕೂ ಚಿಕಿತ್ಸೆ ಇದೆ."

ಕಲಾವತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ನಾ ಮಂಚಕ್ಕ ಕಟ್ಟಿಹಾಕಿದಂಗ ಮಲಗಸ್ತಿದ್ನಲ್ರಿ. ಅದರಾಗ, ನಮ್ಮ ಮ್ಯಾಲಿನ ಪ್ರೀತಿನ ಹೋತು ಇವರದು ಅಂತ ಎಷ್ಟ ಅತ್ತೀನಿ..."

"ಇಂಜಿನ್?" ಎಂದು ಕೇಳಿದ ರುದ್ರಪ್ಪ.

"ಕಣ್ಣು ತಿಳಿಯಾಗುವ ತನಕ ಇಲ್ಲವೇ ಇಲ್ಲ. ಆಮೇಲಿನದು ಮೆಡಿಕಲ್ ಬೋರ್ಡಿನ ಮಾತು. ನಾನು ಸುಳ್ಳು ಧೈರ್ಯ ಹೇಳುವುದಿಲ್ಲ. ಕಣ್ಣಿಗೆ ಇವತ್ತೇ ಔಷಧ ಶುರುಮಾಡೋಣ. ತಡಮಾಡಿದ್ದರೆ ದೃಷ್ಟಿಗೇ ಅಪಾಯವಿತ್ತು."

ಹೊರಗೆ ಬೆಂಚಿನ ಮೇಲೆ ಯಶಸ್ವಿನಿ ಕೂತಿದ್ದಳು. ಬದಲಿ ಪೈಲಟ್ ಬಂದು ಗಾಡಿ ಮುಟ್ಟಿಸಿದ ಮೇಲೆ ನೇರ ಇಲ್ಲಿಗೇ ಬಂದಿದ್ದಳು. ಅವಳ ಕೈಯಲ್ಲಿ ಫೋನು ರಿಂಗಣಿಸುತ್ತಿತ್ತು. ಅವಳು ಎತ್ತಿರಲಿಲ್ಲ.

"ಲೋಕೋ ಇನ್‌ಸ್ಪೆಕ್ಟರ್, ಮೂರನೇ ಸಲ. ಹಳದಿಗೆ ವೇಗ ಇಳಸೂದ ಬಿಟ್ಟು ಗಾಡಿ ಪೂರಾ ಯಾಕ ನಿಂತು ಅಂತ ಕೇಳಾಕತ್ತಾರ. ಅಕಸ್ಮಾತ್ ಕಣ್ಣಾಗ ಕಸ ಬಿತ್ತು ಅಂತ ಹೇಳಿಬಿಡ್ಲೇನ್ರಿ ಕಾಕಾ?" ಎಂದವಳೇ ತಲೆ ತಗ್ಗಿಸಿದಳು. "ಹೇಳಾಕ ಆಗವಲ್ದು ನನಗ. ಎರಡ ಸಲ ಬಾಯಿಗೆ ಬಂತು, ಹೊರಗ ಬರಲಿಲ್ಲ."

ಕಸ ಬಿತ್ತು ಎಂದರೆ ಬೋರ್ಡಿನಲ್ಲಿ ಹಾದಿ ಸಲೀಸು. ಕುರುಡನಂತೆ ಓಡಿಸಿದೆ ಎಂದರೆ ಶಿಕ್ಷೆಯೂ ಬಂತು, ಇಂಜಿನ್ನೂ ಹೋದಂತೆಯೇ. ರುದ್ರಪ್ಪನಿಗೆ ಎರಡೂ ಗೊತ್ತಿತ್ತು. ಕಲಾವತಿಗೂ ಗೊತ್ತಿತ್ತು. ಅವಳು ಅವನ ಮುಖವನ್ನೇ ನೋಡುತ್ತಿದ್ದಳು.

"ಕೊಡಿಲ್ಲೆ," ಎಂದು ಕೈ ಚಾಚಿದ. ಡಾಕ್ಟರ ಹನಿಗೆ ಎರಡೂ ಕಣ್ಣಿನ ಪಾಪೆ ಹಿಗ್ಗಿತ್ತು, ಫೋನಿನ ಗುಂಡಿ ಅವನಿಗೆ ಕಾಣಲಿಲ್ಲ. ಯಶಸ್ವಿನಿಯೇ ಒತ್ತಿ ಅವನ ಕಿವಿಗೆ ಹಿಡಿದಳು.

"ರುದ್ರಪ್ಪ ಬೋಲ್ ರಹಾ ಹೂಂ ಸಾಬ್," ಎಂದು ಶುರುಮಾಡಿ, ಅವನು ಒಂದನ್ನೂ ಬಿಡದೆ ಹೇಳಿದ. ಹಾಜರಿಯಲ್ಲಿ ಹೇಳಿದ ಸುಳ್ಳು, ಕಿಸೆಯ ಕನ್ನಡಕ, ಹುಡುಗಿಯ ದನಿ ಹಿಡಿದು ಓಡಿಸಿದ್ದು, ಅವಳು ಸುಮ್ಮನಿದ್ದು ಗಾಡಿ ನಿಲ್ಲುವಂತೆ ಮಾಡಿದ್ದು.

ಆ ಕಡೆಯಿಂದ ಒಂದೇ ಪ್ರಶ್ನೆ ಬಂತು: ಕಳಮನಾ ದಾಟಿದ ಮೇಲೆ ನೀನಾಗಿ ನೋಡಿದ ಸಿಗ್ನಲ್ ಎಷ್ಟು?

"ಒಂದೂ ಇಲ್ಲ ಸಾಬ್," ಎಂದ ರುದ್ರಪ್ಪ.